ಕಲ್ಪವೃಕ್ಷಗಳ ಕಾಲಕ್ಕೆ ಮರಳುವ ಹಂಬಲ

ಇಂದಿನ ಬದುಕಿನ ಧಾವಂತದಿಂದ ಬೇಸತ್ತವರು ‘ನಾವು ಹಿಂದಿನ ಕಾಲದಲ್ಲಿ ಹುಟ್ಟಬೇಕಿತ್ತು’ ಎನ್ನುವುದನ್ನು ಆಗಾಗ ಕೇಳುತ್ತೇವೆ. ಪ್ರಾಚೀನ ಸಾಹಿತ್ಯವನ್ನು ಓದುವವರಲ್ಲಿ ಈ ಹಂಬಲ ಇನ್ನೂ ತುಸು ಹೆಚ್ಚು. ಅಮೋಘವರ್ಷನ ಮಾನ್ಯಖೇಟವೋ, ಚಾವುಂಡರಾಯನ ಶ್ರವಣಬೆಳಗೊಳವೋ ಅವರ ಕಲ್ಪನೆಯ ತಂಗುದಾಣವಾಗುತ್ತದೆ. 1917ರಲ್ಲಿ ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದಾಗ ಹಿಂದಿನದನ್ನು ನೆನೆಯುವುದಕ್ಕೆ ಒಂದು ಪ್ರಯೋಜನವಿತ್ತು; ಹರಿದು ಹಂಚಿಹೋಗಿದ್ದ ನಾಡನ್ನು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ನಮ್ಮ ಇಂದಿನ ಹಂಬಲದಲ್ಲಿ ಹೆಚ್ಚಾಗಿ ಕಾಣುವುದು ದಣಿವು. ಎಚ್ಚರಗೊಳ್ಳಲು ಅವರು ಹಿಂದಕ್ಕೆ ಹೋದರು, ನಾವು ಮಲಗಲು ಹೋಗಬಯಸುತ್ತೇವೆ.

ಹಾಗೆ ಹೋದವನಿಗೆ ಅಲ್ಲಿ ಎದುರಾಗುವುದೇನು? ‘ಕವಿರಾಜಮಾರ್ಗ’ದ ಕಾಲದ ದೊರೆ ಅಮೋಘವರ್ಷನು ಪ್ರಜೆಗಳಿಗೆ ಒದಗಿದ ವಿಪತ್ತನ್ನು ನೀಗಲು ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಕ್ರಿ.ಶ. 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಪಂಪನು ‘ಆದಿಪುರಾಣ’ವನ್ನು ಮುಗಿಸಿದ್ದು ಕ್ರಿ.ಶ. 941ರಲ್ಲಿ, ಇನ್ನು ಎಂಟು ವರ್ಷಗಳಲ್ಲಿ ತಕ್ಕೋಲದ ಘೋರ ಯುದ್ಧ. ಆ ಯುದ್ಧವನ್ನು ನೆನೆಯುವ ಆತಕೂರಿನ ಶಾಸನ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನೂ ನೆನೆಯುತ್ತದೆ. ಅದೇ ಶತಮಾನದ ಕೊನೆಯ ಪಾದಕ್ಕೆ ಮುನ್ನ ಮಾನ್ಯಖೇಟವೇ ಲೂಟಿಯಾಯಿತು. ಧಾರಾನಗರದ ಕವಿ ಧನಪಾಲನು ತನ್ನ ತಂಗಿ ಸುಂದರಿಗಾಗಿ ರಚಿಸಿದ ‘ಪಾಇಯಲಚ್ಛೀನಾಮಮಾಲಾ’ ಎಂಬ ಪ್ರಾಕೃತ ಕೋಶದ ಕೊನೆಯಲ್ಲಿ ಕೃತಿಯ ಕಾಲವನ್ನು ಹೇಳುವಾಗ, ಮಾನ್ಯಖೇಟವು ಸೂರೆಹೋದ ಸಂದರ್ಭವನ್ನೇ ಗುರುತಾಗಿ ಕೊಟ್ಟಿದ್ದಾನೆ. ಅದು ಕ್ರಿ.ಶ. 972ರ ಸುಮಾರು. ಒಬ್ಬರ ರಾಜಧಾನಿ ಉರಿದ ವರ್ಷ ಇನ್ನೊಬ್ಬರ ನಿಘಂಟಿಗೆ ತೇದಿಯಾಯಿತು. ನಮ್ಮ ಊರುಗಳ ಹೊರವಲಯದಲ್ಲಿ ಇಂದಿಗೂ ನಿಂತಿರುವ ತುರುಗೋಳಿನ ವೀರಗಲ್ಲುಗಳು, ಸಂಜೆಗೆ ಹಸುಗಳು ಮರಳಿ ಬರುತ್ತವೆಯೇ ಎಂಬ ಪ್ರಶ್ನೆ ಆ ಕಾಲದ ಸಾಮಾನ್ಯರಿಗೆ ಎಂತಹ ಪ್ರಶ್ನೆಯಾಗಿತ್ತೆಂಬುದನ್ನು ಹೇಳುತ್ತಿವೆ.

ಈ ಕಾಲದ ಜನರೂ ಹಿಂದಿನ ಒಂದು ನಿಶ್ಚಿಂತ ಕಾಲವನ್ನು ಕಲ್ಪಿಸಿಕೊಂಡಿದ್ದರು. ಆಚಾರ್ಯ ಜಿನಸೇನರ ಸಂಸ್ಕೃತ ‘ಆದಿಪುರಾಣ’ದಲ್ಲಿ ಅದರ ವಿಸ್ತಾರವಾದ ನಿರೂಪಣೆಯಿದೆ, ಪಂಪನು ಕಥೆಯ ಎಲ್ಲೆಗಳಲ್ಲಿ ಅವರನ್ನೇ ಅನುಸರಿಸಿದ್ದಾನೆ. ಅವಸರ್ಪಿಣಿಯ ಮೊದಲ ಮೂರು ಕಾಲಗಳಲ್ಲಿ ನಮ್ಮ ಈ ಭರತಕ್ಷೇತ್ರ ಭೋಗಭೂಮಿಯಾಗಿತ್ತು. ಊಟ, ಉಡುಗೆ, ಒಡವೆ, ಹೂಮಾಲೆ, ವಾದ್ಯ, ಪಾತ್ರೆ, ಮನೆ, ಬೆಳಕು ಎಲ್ಲವನ್ನೂ ಹತ್ತು ಬಗೆಯ ಕಲ್ಪವೃಕ್ಷಗಳು ನೀಡುತ್ತಿದ್ದವು. ರಾಜನಿಲ್ಲ, ದಾಸನಿಲ್ಲ, ಬೇಸಾಯವಿಲ್ಲ, ವ್ಯಾಪಾರವಿಲ್ಲ. ಮೊದಲ ಕಾಲದವರು ಮೂರು ದಿನಕ್ಕೊಮ್ಮೆ ಬೋರೆಹಣ್ಣಿನಷ್ಟು ಆಹಾರ ಸೇವಿಸುತ್ತಿದ್ದರು. ಎರಡನೆಯ ಕಾಲದವರು ಎರಡು ದಿನಕ್ಕೊಮ್ಮೆ ತಾರೆಕಾಯಿಯಷ್ಟು. ಮೂರನೆಯ ಕಾಲದವರು ದಿನ ಬಿಟ್ಟು ದಿನ ನೆಲ್ಲಿಕಾಯಿಯಷ್ಟು. ಆಯುಷ್ಯ ಮೂರು ಪಲ್ಯದಿಂದ ಎರಡಕ್ಕೆ, ಒಂದಕ್ಕೆ ಇಳಿಯಿತು. ದೇಹದ ಎತ್ತರ 6000 ಧನುಸ್ಸಿನಿಂದ 4000ಕ್ಕೆ, 2000ಕ್ಕೆ ಇಳಿಯಿತು. ಕುಗ್ಗದೆ ಬೆಳೆದದ್ದು ಹಸಿವು ಒಂದೇ. ಇತರ ಸಂಪ್ರದಾಯಗಳಲ್ಲೂ ಕೃತಯುಗಗಳ, ಸುವರ್ಣಯುಗಗಳ ವರ್ಣನೆ ಇದೆಯಾದರೂ, ಸುಖವನ್ನು ಹೀಗೆ ಕಾಯಿ ಹಣ್ಣುಗಳ ಅಳತೆಯಲ್ಲಿ ಲೆಕ್ಕವಿಟ್ಟ ಶಿಸ್ತು ಜೈನ ಲೋಕಾನುಯೋಗಕ್ಕೇ ವಿಶಿಷ್ಟವೆಂದು ನನ್ನ ಭಾವನೆ.

ಈ ವರ್ಣನೆಯ ನಡುವೆ ಬರುವ ಒಂದು ಸಂಗತಿಯನ್ನು ಓದುಗರು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ಭೋಗಭೂಮಿಯಲ್ಲಿ ಹೆಣ್ಣು ಗಂಡು ಅವಳಿಗಳಾಗಿ ಹುಟ್ಟುತ್ತಾರೆ. ಅವರು ಹುಟ್ಟುತ್ತಲೇ ತಂದೆ ಸೀನಿ, ತಾಯಿ ಆಕಳಿಸಿ ಪ್ರಾಣ ಬಿಡುತ್ತಾರೆ. ಸಾವಿಗೆ ಮುನ್ನ ರೋಗವಿಲ್ಲ, ಮುಪ್ಪಿಲ್ಲ, ನೋವಿಲ್ಲ. ಆದರೆ ಹೆತ್ತವರು ಮಕ್ಕಳ ಮುಖವನ್ನು ನೋಡುವುದೂ ಇಲ್ಲ. ಮಕ್ಕಳಿಗೆ ತಾವು ಯಾರ ಮಕ್ಕಳೆಂಬ ನೆನಪಿಲ್ಲ. ನೆಮ್ಮದಿಯ ಆ ಲೋಕದಲ್ಲಿ ವಂಶವಿಲ್ಲ, ಆದುದರಿಂದ ಚರಿತ್ರೆಯೂ ಇಲ್ಲ. ಕಾಲಯಂತ್ರವನ್ನೇರಿ ಅಲ್ಲಿಗೆ ಹೋದವನು ‘ನಿಮ್ಮ ಹಿರಿಯರು ಹೇಗಿದ್ದರು?’ ಎಂದು ಕೇಳಿದರೆ ಆ ಪ್ರಶ್ನೆಯೇ ಅವರಿಗೆ ಅರ್ಥವಾಗಲಾರದು.

ಮೂರನೆಯ ಕಾಲ ಮುಗಿಯಲು ಪಲ್ಯದ ಎಂಟನೆಯ ಒಂದು ಭಾಗ ಉಳಿದಿರುವಾಗ ಕುಲಕರರ ಕಥನ ಆರಂಭವಾಗುತ್ತದೆ. ಹದಿನಾಲ್ಕು ಕುಲಕರರ ಈ ಪ್ರಕರಣವನ್ನು ಪಾಠಗಳಲ್ಲಿ ಬರಿಯ ಹೆಸರುಗಳ ಪಟ್ಟಿಯಾಗಿ ಒಪ್ಪಿಸಿಬಿಡುವುದು ವಾಡಿಕೆ. ವಾಸ್ತವವಾಗಿ ಅದು ಭಯದ ಚರಿತ್ರೆ. ಜ್ಯೋತಿರಂಗ ವೃಕ್ಷಗಳ ಬೆಳಕು ಮಂದವಾದ ಒಂದು ಆಷಾಢ ಹುಣ್ಣಿಮೆಯ ಸಂಜೆ, ಆಕಾಶದ ಎರಡು ಅಂಚುಗಳಲ್ಲಿ ಸೂರ್ಯ ಚಂದ್ರರು ಮೊದಲ ಬಾರಿಗೆ ಕಾಣಿಸಿಕೊಂಡರು. ಜನ ನಡುಗಿದರು. ಅವು ಹೊಸತಾಗಿ ಬಂದವಲ್ಲ, ಮರಗಳ ಪ್ರಭೆಯಲ್ಲಿ ಇದುವರೆಗೆ ಮರೆಯಾಗಿದ್ದವು ಎಂದು ಪ್ರತಿಶ್ರುತಿ ಎಂಬ ಮೊದಲ ಕುಲಕರನು ತಿಳಿಹೇಳಿದನು. ಎರಡನೆಯವನಾದ ಸನ್ಮತಿಯ ಕಾಲಕ್ಕೆ ನಕ್ಷತ್ರಗಳು ಕಂಡವು, ಮತ್ತೆ ಭಯ. ಮೂರನೆಯವನ ಕಾಲಕ್ಕೆ ಸಾಧುವಾಗಿದ್ದ ಮೃಗಗಳು ಕ್ರೂರವಾದವು; ನಾಲ್ಕನೆಯವನು ಕೈಗೆ ಕೋಲು ಹಿಡಿಯಲು ಕಲಿಸಿದನು. ಕಲ್ಪವೃಕ್ಷಗಳು ವಿರಳವಾಗಿ ಜನ ಜಗಳಕ್ಕೆ ನಿಂತಾಗ ಸೀಮಂಕರನು ಮಾತಿನಿಂದಲೇ ಎಲ್ಲೆ ಹೇಳಿದನು. ಸೀಮಂಧರನ ಕಾಲಕ್ಕೆ ಮಾತು ಸಾಲದೆ ಪೊದೆಗಳ ಗುರುತು ಹಾಕಬೇಕಾಯಿತು. ಶಿಕ್ಷೆಯ ಬೆಳವಣಿಗೆಯೂ ಹೀಗೆಯೇ. ಮೊದಲ ಐವರ ಕಾಲದಲ್ಲಿ ‘ಹಾ’ ಎಂಬ ಮರುಕದ ಒಂದು ಉದ್ಗಾರ ಸಾಕಾಗಿತ್ತು. ಮುಂದಿನ ಐವರಿಗೆ ‘ಮಾ’ ಎಂಬ ನಿಷೇಧವೂ ಬೇಕಾಯಿತು. ಆಮೇಲೆ ‘ಧಿಕ್’ ಎಂಬ ಧಿಕ್ಕಾರವೂ ಸೇರಿತು.

ಎಂಟನೆಯ ಕುಲಕರ ಚಕ್ಷುಷ್ಮಂತನ ಕಾಲದಲ್ಲಿ ಹೆತ್ತವರು ಸಾಯುವ ಮುನ್ನ ಕ್ಷಣಕಾಲ ಮಕ್ಕಳ ಮುಖ ನೋಡುವಂತಾಯಿತು. ಅವರಿಗಾದದ್ದು ಆನಂದವಲ್ಲ, ಭಯ. ಇವು ಏನು, ಎಲ್ಲಿಂದ ಬಂದವು ಎಂದು ಅವರು ಬೆದರಿದರು. ಇವರು ನಿಮ್ಮ ಮಕ್ಕಳೆಂದು ಕುಲಕರನು ಹೇಳಬೇಕಾಯಿತು. ಒಂಬತ್ತನೆಯ ಯಶಸ್ವಂತನ ಕಾಲಕ್ಕೆ ಅವರು ಮಕ್ಕಳಿಗೆ ಹೆಸರಿಟ್ಟು ಹರಸುವಷ್ಟು ಹೊತ್ತು ಬದುಕಿದರು. ಹತ್ತನೆಯ ಅಭಿಚಂದ್ರನ ಕಾಲಕ್ಕೆ ಚಂದ್ರನನ್ನು ತೋರಿಸಿ ಮಕ್ಕಳನ್ನು ಆಡಿಸಿದರು. ಮೊದಲ ಕುಲಕರನ ಕಾಲದಲ್ಲಿ ಜನರನ್ನು ನಡುಗಿಸಿದ ಅದೇ ಚಂದ್ರ ಈಗ ಮಕ್ಕಳ ಆಟದ ವಸ್ತು. ಹನ್ನೊಂದನೆಯ ಚಂದ್ರಾಭನ ಕಾಲದಿಂದ ಮಕ್ಕಳೊಡನೆ ಕೂಡಿ ಬಾಳುವುದು ಸಾಧ್ಯವಾಯಿತು. ಅವಸರ್ಪಿಣಿಯೆಂದರೆ ಇಳಿಯುವ ಕಾಲ. ಆಯುಷ್ಯ, ಬಲ, ಸುಖಗಳೆಲ್ಲ ಇಳಿಯುತ್ತಿವೆ. ಆ ಇಳಿತದ ಒಳಗೇ ವಾತ್ಸಲ್ಯವೆಂಬುದು ಹುಟ್ಟಿ ಬೆಳೆಯುತ್ತಿದೆ. ಜಿನಸೇನರು ಇದಕ್ಕೆ ವ್ಯಾಖ್ಯಾನ ಸೇರಿಸದೆ ಮುಂದೆ ಸಾಗುತ್ತಾರೆ. ಆದರೆ ಮಗುವಿನ ಓದು, ಆರೋಗ್ಯ, ಭವಿಷ್ಯಗಳ ಚಿಂತೆಯಿಂದ ರಾತ್ರಿ ನಿದ್ದೆಗೆಟ್ಟ ಇಂದಿನ ತಂದೆತಾಯಿಗಳು ಭೋಗಭೂಮಿಗೆ ಮರಳಬಯಸಿದರೆ ಯಾವುದನ್ನು ಬಿಟ್ಟು ಹೋಗಬೇಕಾಗುತ್ತದೆ ಎಂಬುದು ಈ ನಾಲ್ಕು ಕುಲಕರರ ವೃತ್ತಾಂತದಲ್ಲಿ ಸ್ಪಷ್ಟವಾಗಿದೆ.

ಕೊನೆಯ ಕುಲಕರ ನಾಭಿರಾಜನ ಕಾಲಕ್ಕೆ ಕಲ್ಪವೃಕ್ಷಗಳು ಪೂರ್ತಿ ಅಳಿದವು. ಹಸಿದ ಜನರಿಗೆ ಅವನು ತಿನ್ನತಕ್ಕ ಫಲ ಧಾನ್ಯಗಳನ್ನು ತೋರಿಸಿ, ಹಸಿಮಣ್ಣನ್ನು ಆನೆಯ ಕುಂಭಸ್ಥಳದ ಮೇಲೆ ತಟ್ಟಿ ಪಾತ್ರೆ ಮಾಡಿಕೊಟ್ಟನು. ಅವನ ಮಗ ವೃಷಭನಾಥನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನು. ಮಗಳು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದನು. ಅಕ್ಷರ ಹುಟ್ಟಿದ್ದು ಮರಗಳು ಕೊಡುವುದನ್ನು ನಿಲ್ಲಿಸಿದ ಮೇಲೆ. ಕರ್ಮಭೂಮಿಯೆಂಬ ಹೆಸರೇ ಈ ದುಡಿಮೆಯಿಂದ ಬಂದದ್ದು.

ಸಿದ್ಧಾಂತದ ದೃಷ್ಟಿಯಿಂದ ಇನ್ನೂ ಗಹನವಾದ ಒಂದು ವಿಚಾರವಿದೆ. ಭೋಗಭೂಮಿಯ ಜೀವಿಗಳಿಗೆ ಸಮ್ಯಗ್ದರ್ಶನ ಲಭಿಸಬಹುದು. ಆದರೆ ಅಣುವ್ರತವಾಗಲಿ ಮಹಾವ್ರತವಾಗಲಿ ಅಲ್ಲಿ ಇಲ್ಲ, ಆದುದರಿಂದ ಅಲ್ಲಿಂದ ನೇರವಾಗಿ ಮೋಕ್ಷವೂ ಇಲ್ಲ. ಬೇಡುವವನಿಲ್ಲದ ಕಡೆ ಕೊಡುವುದೆಂತು? ತನ್ನದೆಂದು ಒಂದನ್ನೂ ಗಳಿಸದವನು ಬಿಡುವುದೇನನ್ನು? ಎಚ್.ಜಿ. ವೆಲ್ಸ್ 1895ರ ತನ್ನ ಕಾದಂಬರಿಯಲ್ಲಿ ಕಾಲಯಂತ್ರವನ್ನು ಹಿಂದಕ್ಕಲ್ಲ, ಮುಂದಕ್ಕೆ ಕಳುಹಿಸಿದನು. ಅಲ್ಲಿಯೂ ಅವನ ಪಯಣಿಗನಿಗೆ ಸಿಕ್ಕಿದ್ದು ಹಣ್ಣು ತಿಂದು ನಲಿಯುವ, ಏನನ್ನೂ ಅರಿಯಬಯಸದ ಸುಂದರ ಜನ. ಭೋಗಭೂಮಿಯನ್ನು ಬಲ್ಲ ಓದುಗನಿಗೆ ಅವರು ಅಪರಿಚಿತರೆನಿಸುವುದಿಲ್ಲ.

ಹಾಗೆಂದು ಪುರಾಣಕಾರರು ಭೋಗಭೂಮಿಯ ಬಾಗಿಲನ್ನು ಮುಚ್ಚಿಲ್ಲ. ಉತ್ತರಕುರುವಿನಂತಹ ಶಾಶ್ವತ ಭೋಗಭೂಮಿಗಳಿವೆ. ಸತ್ಪಾತ್ರದಾನದ ಫಲವಾಗಿ ಅಲ್ಲಿ ಹುಟ್ಟಬಹುದು. ಪಂಪನ ಓದುಗರೆಲ್ಲ ಬಲ್ಲ ವಜ್ರಜಂಘ ಶ್ರೀಮತಿಯರು ಹಾಗೆ ಹೋದವರು. ಕಾಡಿನಲ್ಲಿ ಚಾರಣಮುನಿಗಳಿಗೆ ಅವರು ಆಹಾರವಿತ್ತದ್ದನ್ನು ಕಂಡು ಸಂತೋಷಪಟ್ಟ ಹುಲಿ, ಹಂದಿ, ಕೋತಿ, ಮುಂಗುಸಿಗಳಿಗೂ ಅದೇ ಗತಿ ದೊರೆಯಿತು. ಶಯ್ಯಾಗೃಹದ ಗವಾಕ್ಷಗಳನ್ನು ತೆರೆಯಲು ಸೇವಕರು ಮರೆತ ರಾತ್ರಿ, ಧೂಪದ ಹೊಗೆಗೆ ಉಸಿರುಕಟ್ಟಿ ಆ ದಂಪತಿಗಳು ಒಬ್ಬರ ತೋಳಿನಲ್ಲೊಬ್ಬರು ಸತ್ತು ಉತ್ತರಕುರುವಿನಲ್ಲಿ ಆರ್ಯ ಆರ್ಯೆಯರಾಗಿ ಹುಟ್ಟಿದರು. ಚಿಂತೆಯಿಲ್ಲದ ಆ ನೆಲದಲ್ಲಿ ಅವರು ಸುಖದಲ್ಲಿಯೇ ಕರಗಿಹೋಗಬಹುದಿತ್ತು. ಒಂದು ದಿನ ಆಕಾಶದಲ್ಲಿ ಸಾಗಿದ ದೇವವಿಮಾನವೊಂದನ್ನು ಕಂಡು ಅವರಿಗೆ ಜಾತಿಸ್ಮರಣೆಯಾಯಿತು. ಅದೇ ಹೊತ್ತಿಗೆ ಇಬ್ಬರು ಚಾರಣಮುನಿಗಳು ಅಲ್ಲಿಗೆ ಇಳಿದುಬಂದರು. ಅವರಲ್ಲಿ ಹಿರಿಯನಾದ ಪ್ರೀತಿಂಕರನು ಹಿಂದೆ, ವಜ್ರಜಂಘನು ಮಹಾಬಲನಾಗಿದ್ದ ಭವದಲ್ಲಿ, ಅವನ ಮಂತ್ರಿ ಸ್ವಯಂಬುದ್ಧನಾಗಿದ್ದವನು. ಹಳೆಯ ಒಡೆಯನಿಗೆ ಸಮ್ಯಕ್ತ್ವವನ್ನು ಬೋಧಿಸುವುದಕ್ಕಾಗಿಯೇ ಅವನು ಕರ್ಮಭೂಮಿಯಿಂದ ಅಷ್ಟು ದೂರ ಬಂದಿದ್ದನು. ಅಲ್ಲಿ ಯಾರೂ ಅವನನ್ನು ಕರೆದಿರಲಿಲ್ಲ.