ವೈರಿಯ ಕಡತದಲ್ಲಿ ಕಡಲ ಹೆಣ್ಣುಗಳು

ಕಡಲ್ಗಳ್ಳತನದಲ್ಲಿ ತೊಡಗಿದ ಹೆಂಗಸರ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರ ವೈರಿಗಳು ಬರೆದಿಟ್ಟದ್ದು. ಅವರನ್ನು ಹಿಡಿದವರು, ವಿಚಾರಣೆ ನಡೆಸಿದವರು, ಅವರಿಂದ ಸರಕು ಕಳೆದುಕೊಂಡವರು, ಸೋತು ಸಂಧಾನಕ್ಕೆ ಕೂತವರು ಬರೆದ ಕಾಗದಪತ್ರಗಳೇ ಆಧಾರ. ಆ ಹೆಂಗಸರೇ ಆಡಿದ ಮಾತು ಸಿಗುವುದು ತೀರ ಅಪರೂಪ. ಹಾಗಾಗಿ ಈ ಕ್ಷೇತ್ರದ ಅಧ್ಯಯನ ಬೆಳೆದದ್ದು ವೈರಿಯ ಕಡತವನ್ನು ಓದುವ ವಿವೇಕ ಬೆಳೆದಂತೆಲ್ಲ. ಉಳ್ಳಾಲದ ರಾಣಿ ಅಬ್ಬಕ್ಕ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ನಮ್ಮ ಕೈಗೆ ಬಂದಿರುವುದೂ ಬಹುಮಟ್ಟಿಗೆ ಇಂಥ ಕಡತಗಳ ಮೂಲಕವೇ. ಆದ್ದರಿಂದ ಆ ವಿವೇಕ ಕನ್ನಡಿಗರಿಗೆ ಇವತ್ತು ತುರ್ತಾಗಿ ಬೇಕು.

ಹೊಸೂರಿನ ಹತ್ತಿರದ ಬಾಗಲೂರಿನಂಥ ಒಳನಾಡಿನಲ್ಲಿ ಕೂತು ಓದುವವರಿಗೆ ಕಡಲು ದೂರದ ಮಾತು. ನಂದಿಬೆಟ್ಟದ ಕಡೆಯಿಂದ ಹರಿದು ಬಂದು ಈ ಸೀಮೆಯಲ್ಲಿ ತಮಿಳುನಾಡಿಗೆ ಕಾಲಿಡುವ ದಕ್ಷಿಣ ಪಿನಾಕಿನಿ, ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ಕಡಲಿನ ಜೊತೆ ಊರಿಗಿರುವ ನಂಟು ಅಷ್ಟೇ. ಆದರೆ ಬಾಗಲೂರು, ಬೇರಿಗೆ, ಸೂಳಗಿರಿ ಪಾಳೆಯಗಾರರ ನೆಲ. ಊರವರ ನೆನಪಿನ ಪಾಳೆಯಗಾರನೇ ಬೇರೆ, ಈಸ್ಟ್ ಇಂಡಿಯಾ ಕಂಪನಿಯ ಕಂದಾಯ ಅಧಿಕಾರಿ ಬರೆದ ಪಾಳೆಯಗಾರನೇ ಬೇರೆ ಎಂಬುದು ಈ ಕಡೆಯವರಿಗೆ ಗೊತ್ತು. ನೀರಿನ ಮೇಲೆ ಆಳಿದವರ ಕಥೆಯಲ್ಲೂ ಇರುವುದು ಇದೇ ತೊಡಕು.

ದಾಖಲೆಗಿಂತ ಮೊದಲು ತೀರ್ಪು

ಈ ಸಾಲಿನಲ್ಲಿ ಮೊದಲು ಬರುವವಳು ಏಡ್ರಿಯಾಟಿಕ್ ಕಡಲ ಪೂರ್ವ ದಡದ ಇಲ್ಲಿರಿಯಾದ ರಾಣಿ ಟ್ಯೂಟಾ. ಕ್ರಿ.ಪೂ. 231ರ ಸುಮಾರಿಗೆ ಗಂಡ ಸತ್ತ ಮೇಲೆ ಆಳ್ವಿಕೆಗೆ ಬಂದಳು. ಅವಳ ನಾವಿಕರು ರೋಮಿನ ವರ್ತಕರನ್ನು ದೋಚಿದರು. ದೂರು ತಂದ ರೋಮನ್ ದೂತರಲ್ಲಿ ಒಬ್ಬನ ಕೊಲೆಯಾಯಿತು. ಕ್ರಿ.ಪೂ. 229ರಲ್ಲಿ ರೋಮ್ 200 ಹಡಗು ಕಳಿಸಿತು. ಮರುವರ್ಷದ ಒಪ್ಪಂದದಂತೆ, ಲಿಸ್ಸಸ್ ಬಂದರಿನಿಂದಾಚೆಗೆ ಅವಳ ಕಡೆಯ ಎರಡಕ್ಕಿಂತ ಹೆಚ್ಚು ದೋಣಿ ಹೋಗುವಂತಿರಲಿಲ್ಲ. ಹೋದರೂ ಆಯುಧ ಇರುವಂತಿರಲಿಲ್ಲ. ಇದನ್ನೆಲ್ಲ ನಮಗೆ ತಿಳಿಸಿದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ರೋಮಿನ ಪಕ್ಷಪಾತಿ. ರಾಣಿಯ ನಿರ್ಧಾರಗಳಿಗೆಲ್ಲ ಹೆಣ್ಣಿನ ದೂರಾಲೋಚನೆ ಇಲ್ಲದ ಬುದ್ಧಿಯೇ ಕಾರಣ ಎಂದು ಮೊದಲೇ ತೀರ್ಮಾನಿಸಿ ಬರೆದವನು. ಇಲ್ಲಿರಿಯನ್ನರ ಕಡೆಯ ಒಂದು ಸಾಲೂ ಉಳಿದಿಲ್ಲ.

ಮಧ್ಯಯುಗದಲ್ಲಿ ಇಂಥ ಚರಿತ್ರೆಗೆ ದಂತಕಥೆ ಸೇರಿಕೊಂಡಿತು. ಡೆನ್ಮಾರ್ಕಿನ ಸ್ಯಾಕ್ಸೊ ಲ್ಯಾಟಿನ್ನಿನಲ್ಲಿ ಬರೆದ ಆಲ್ಫಿಲ್ಡ್ ಎಂಬ ರಾಜಕುಮಾರಿಯ ಕಥೆ ಅಂಥದ್ದು. ಗಂಡನ ತಲೆದಂಡಕ್ಕೆ ಸೇಡು ತೀರಿಸಿಕೊಳ್ಳಲು ಫ್ರೆಂಚ್ ಹಡಗುಗಳ ಬೆನ್ನುಹತ್ತಿದಳೆನ್ನುವ ಜೀನ್ ಡಿ ಕ್ಲಿಸನ್‌ಳ ವಿಷಯದಲ್ಲಿ, 1343ರಲ್ಲಿ ಅವಳ ಗಂಡನ ಶಿರಚ್ಛೇದವಾದದ್ದು ದಾಖಲೆಯ ಮಾತು. ಕಪ್ಪು ಬಣ್ಣ ಬಳಿದ ಹಡಗು, ಕೆಂಪು ಹಾಯಿ ಮುಂತಾದವು ಕಥೆಗಾರರ ಕೊಡುಗೆ.

ನ್ಯಾಯಾಲಯದ ಸಾಕ್ಷಿ, ಪುಸ್ತಕದಂಗಡಿಯ ಕಥೆ

ಜನಪ್ರಿಯ ಕಲ್ಪನೆಗೆ ಅಚ್ಚು ಸಿಕ್ಕಿದ್ದು 1724ರಲ್ಲಿ. ಲಂಡನ್ನಿನಲ್ಲಿ ಕ್ಯಾಪ್ಟನ್ ಚಾರ್ಲ್ಸ್ ಜಾನ್ಸನ್ ಎಂಬ ಹೆಸರಿನಲ್ಲಿ ಬಂದ ಕಡಲ್ಗಳ್ಳರ ಚರಿತ್ರೆ ಆನ್ ಬಾನಿ, ಮೇರಿ ರೀಡ್ ಎಂಬ ಇಬ್ಬರನ್ನು ಮನೆಮಾತಾಗಿಸಿತು. ಗಂಡುವೇಷ ತೊಟ್ಟು ಯಾರಿಗೂ ಗುಟ್ಟು ಬಿಡದೆ ಹಡಗು ಸೇರಿದರು, ಪ್ರೇಮದ ದೆಸೆಯಿಂದ ಗುಟ್ಟು ರಟ್ಟಾಯಿತು ಎನ್ನುವುದು ಆ ಪುಸ್ತಕದ ಕಥೆ. ಮುಂದಿನ ಮುನ್ನೂರು ವರ್ಷ ಕಾದಂಬರಿ, ನಾಟಕ, ಸಿನಿಮಾಗಳು ಇದನ್ನೇ ಮರುಬರೆದವು.

ಆದರೆ ಜಮೈಕಾದಲ್ಲಿ 1720ರ ನವೆಂಬರ್ 28ರಂದು ನಡೆದ ವಿಚಾರಣೆಯ ವರದಿ 1721ರಲ್ಲೇ ಅಚ್ಚಾಗಿತ್ತು. ಅದರಲ್ಲಿ ಡೊರೊಥಿ ಥಾಮಸ್ ಎಂಬ ಹೆಂಗಸಿನ ಸಾಕ್ಷಿ ಇದೆ. ಸಾಮಾನು ತುಂಬಿದ ಅವಳ ದೋಣಿಯನ್ನು ಆನ್, ಮೇರಿ ಇದ್ದ ಕಡಲ್ಗಳ್ಳ ರ‍್ಯಾಕಮ್‌ನ ಗುಂಪು ದೋಚಿತ್ತು. ಆ ಇಬ್ಬರೂ ಗಂಡಸರ ಕುಪ್ಪಸ, ಉದ್ದ ಷರಾಯಿ ತೊಟ್ಟು ತಲೆಗೆ ವಸ್ತ್ರ ಕಟ್ಟಿದ್ದರು. ಒಬ್ಬೊಬ್ಬರ ಕೈಯಲ್ಲೂ ಮಚ್ಚು, ಪಿಸ್ತೂಲು. ಇವಳನ್ನು ಬಿಟ್ಟರೆ ನಾಳೆ ಸಾಕ್ಷಿ ಹೇಳುತ್ತಾಳೆ, ಕೊಂದುಬಿಡಿ ಎಂದು ಗಂಡಸರನ್ನು ಒತ್ತಾಯಿಸಿದರು. ಅವರು ಹೆಂಗಸರೆಂದು ಮೈಕಟ್ಟು ನೋಡಿದೊಡನೆ ತನಗೆ ತಿಳಿಯಿತು ಎಂದು ಅವಳು ಹೇಳಿದಳು. ಸೆರೆಸಿಕ್ಕಿದ್ದ ಇಬ್ಬರು ಫ್ರೆಂಚರ ಮಾತು ಇನ್ನೂ ಸ್ಪಷ್ಟ: ಹಡಗನ್ನು ಬೆನ್ನಟ್ಟುವಾಗ ಗಂಡಸರ ಉಡುಪು, ಉಳಿದ ಹೊತ್ತಿನಲ್ಲಿ ಹೆಂಗಸರದೇ ಉಡುಪು. ಅಂದರೆ ಗುಟ್ಟೂ ಇರಲಿಲ್ಲ, ವೇಷವೂ ಇರಲಿಲ್ಲ. ಕಾದಾಟಕ್ಕೆ ಅನುಕೂಲವಾದ ಬಟ್ಟೆ ತೊಟ್ಟು, ಹೆಂಗಸರೆಂದು ಎಲ್ಲರಿಗೂ ತಿಳಿದೇ ಅವರು ಗುಂಪಿನಲ್ಲಿದ್ದರು. ಇಬ್ಬರಿಗೂ ಮರಣದಂಡನೆಯಾಯಿತು. ಬಸುರಿಯರೆಂದು ಹೇಳಿಕೊಂಡದ್ದರಿಂದ ಶಿಕ್ಷೆ ತಡೆಹಿಡಿಯಲ್ಪಟ್ಟಿತು. ಮೇರಿ ರೀಡ್ 1721ರ ಏಪ್ರಿಲಿನಲ್ಲಿ ತೀರಿಕೊಂಡಳು. ಆನ್ ಬಾನಿ ಅಲ್ಲಿಂದಾಚೆಗೆ ದಾಖಲೆಯಿಂದ ಮರೆಯಾದಳು.

ಚೀನಾದ ಪಡೆ, ಪಶ್ಚಿಮದ ಕಲ್ಪನೆ

ಇದೇ ಬಗೆಯ ತಿದ್ದುಪಡಿ ಝೆಂಗ್ ಯಿ ಸಾವೊಳ ವಿಷಯದಲ್ಲೂ ನಡೆಯಿತು. 1807ರಲ್ಲಿ ಗಂಡ ಝೆಂಗ್ ಯಿ ಸತ್ತ ಮೇಲೆ ದಕ್ಷಿಣ ಚೀನಾ ಕಡಲಿನ ದೊಡ್ಡ ಒಕ್ಕೂಟವನ್ನು ಕೈಗೆ ತೆಗೆದುಕೊಂಡವಳು ಅವಳು. ಯುವಾನ್ ಯುಂಗ್‌ಲುನ್ 1830ರಲ್ಲಿ ಬರೆದ ಚೀನೀ ವೃತ್ತಾಂತ ಮರುವರ್ಷವೇ ಇಂಗ್ಲಿಷಿಗೆ ಬಂತು. 1809ರಲ್ಲಿ ಸೆರೆಸಿಕ್ಕು ಒತ್ತೆಹಣ ತೆತ್ತು ಬಿಡುಗಡೆಯಾದ ಕಂಪನಿಯ ಅಧಿಕಾರಿ ರಿಚರ್ಡ್ ಗ್ಲಾಸ್‌ಪೂಲ್‌ನ ಅನುಭವ ಕಥನವೂ ಅದರ ಜೊತೆ ಸೇರಿತು. ಹಡಗಿನಲ್ಲಿ ಒಬ್ಬೊಬ್ಬನಿಗೂ ನಾಲ್ಕು ಅಡಿ ಚೌಕದ ಜಾಗ, ಅದರಲ್ಲೇ ಹೆಂಡತಿ ಮಕ್ಕಳೊಂದಿಗೆ ಸಂಸಾರ ಎಂದು ಆತ ಬರೆದ. ಆದರೆ ಓದುಗರ ಕಣ್ಣು ನೆಟ್ಟದ್ದು ಈ ಮಾತಿನ ಮೇಲಲ್ಲ, ಕ್ರೂರ ರಾಣಿಯ ಮೇಲೆ. ಪಡೆಯ ಕಟ್ಟುಪಾಡುಗಳನ್ನು ಮಾಡಿದವನು ಅವಳ ದಂಡನಾಯಕ ಝಾಂಗ್ ಬಾವೊ ಎಂದು ಯುವಾನ್ ಬರೆದಿದ್ದರೂ, ಪಶ್ಚಿಮದ ಪುಸ್ತಕಗಳು ಅವನ್ನು ರಾಣಿಯ ಹೆಸರಿಗೆ ಹಚ್ಚಿದವು. 1935ರಲ್ಲಿ ಕಥೆಗಾರ ಬೋರ್ಹೆಸ್ ಅವಳನ್ನು ಕಥೆಯಾಗಿಸಿದ.

1987ರಲ್ಲಿ ಇತಿಹಾಸಕಾರ್ತಿ ಡಯಾನ್ ಮರ‍್ರೆ ಚೀನಾದ ಚಿಂಗ್ ರಾಜವಂಶದ ಆಡಳಿತದ ಮೂಲ ಕಡತಗಳನ್ನು ಓದಿ ಬರೆದ ಅಧ್ಯಯನ ಇಡೀ ಚಿತ್ರವನ್ನೇ ಬದಲಿಸಿತು. ನೀರಿನ ಮೇಲೇ ಬಾಳುವ ದೋಣಿಜನರಲ್ಲಿ ಹೆಂಗಸರು ಹುಟ್ಟು ಹಾಕುವುದೂ ಚುಕ್ಕಾಣಿ ಹಿಡಿಯುವುದೂ ನಿತ್ಯದ ಕೆಲಸ. ಅಂಥ ಸಮಾಜದಲ್ಲಿ ವಿಧವೆಯೊಬ್ಬಳು ನಂಟಸ್ತಿಕೆಯ ಬಲದಿಂದ ಪಡೆಯನ್ನು ಉಳಿಸಿಕೊಂಡದ್ದು ಪವಾಡವಲ್ಲ, ರಾಜಕೀಯ ಜಾಣ್ಮೆ. ಆ ಜಾಣ್ಮೆಯ ಶಿಖರ 1810ರ ಶರಣಾಗತಿ. ಮಾತುಕತೆ ಮುರಿದುಬಿದ್ದಾಗ ಅವಳು ಆಯುಧವಿಲ್ಲದೆ, ಹೆಂಗಸರು ಮಕ್ಕಳನ್ನಷ್ಟೇ ಕರೆದುಕೊಂಡು ಗ್ವಾಂಗ್‌ಝೌನಲ್ಲಿ ಗವರ್ನರ್ ಜನರಲ್ ಬಾಯ್ ಲಿಂಗ್‌ನ ಕಚೇರಿಗೆ ನಡೆದಳು. ಕೊನೆಗೆ 17,318 ಜನ, 226 ಹಡಗು, 1,315 ಫಿರಂಗಿ ಸರ್ಕಾರದ ವಶವಾದವು. ಅವಳು ಕ್ಷಮೆ ಪಡೆದು 1844ರವರೆಗೆ ಬದುಕಿದಳು.

ಹಡಗಿನಿಂದ ದಡಕ್ಕೆ

1970ರ ದಶಕದಿಂದ ಮಹಿಳಾ ಚಳವಳಿಯ ಬಲದಲ್ಲಿ ಹೊಸ ಓದು ಬಂತು. ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಡಲ ನಾಯಕಿ ಗ್ರೇಸ್ ಓಮ್ಯಾಲಿಯ ಬಗ್ಗೆ ಆನ್ ಚೇಂಬರ್ಸ್ 1979ರಲ್ಲಿ ಜೀವನಚರಿತ್ರೆ ಬರೆದರು. ಐರಿಷ್ ಪಂಡಿತರ ಪ್ರಸಿದ್ಧ ವಾರ್ಷಿಕ ವೃತ್ತಾಂತಗಳಲ್ಲಿ ಈ ನಾಯಕಿಯ ಹೆಸರೇ ಇಲ್ಲ. ಅವಳನ್ನು ಉಳಿಸಿದ್ದು ಇಂಗ್ಲಿಷ್ ಸರ್ಕಾರದ ಕಡತ. 1593ರಲ್ಲಿ ಅವಳಿಗೆ ಕೇಳಿದ ಹದಿನೆಂಟು ಪ್ರಶ್ನೆಗಳೂ ಅವಳು ಕೊಟ್ಟ ಉತ್ತರಗಳೂ ಅಲ್ಲಿವೆ. ಅದೇ ವರ್ಷ ಅವಳು ಗ್ರೀನಿಚ್‌ನಲ್ಲಿ ಮೊದಲನೆಯ ಎಲಿಜಬೆತ್‌ಳನ್ನು ಭೇಟಿಯಾದಳು. ಮೊರಾಕ್ಕೊದ ಟೆಟುವಾನ್ ನಗರವನ್ನು 1542ರವರೆಗೆ ಆಳಿದ ಸಯ್ಯಿದಾ ಅಲ್ ಹುರ‍್ರಾಳ ಕಥೆಯೂ ಇದೇ. ಅವಳ ಬಗ್ಗೆ ಹೆಚ್ಚು ಹೇಳುವುದು ಸೆರೆಯಾಳುಗಳ ಬಿಡುಗಡೆಗೆ ಅವಳೊಡನೆ ವ್ಯವಹರಿಸಿದ ಸ್ಪ್ಯಾನಿಷರೂ ಪೋರ್ಚುಗೀಸರೂ.

ಮುಂದಿನ ಹೆಜ್ಜೆ ದಡದ ಕಡೆಗೆ. ಜಾನ್ ಆ್ಯಪಲ್‌ಬಿ 2013ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲೆಂಡಿನ ಕಡಲ್ಗಳ್ಳತನಕ್ಕೆ ಹೆಗಲುಕೊಟ್ಟ ಬಂದರಿನ ಹೆಂಗಸರನ್ನು ಎದುರಿಗೆ ತಂದಿತು. ಕದ್ದ ಮಾಲು ಕೊಳ್ಳುವವರು, ಬಚ್ಚಿಡುವವರು, ಆಶ್ರಯ ಕೊಡುವವರು, ಗಂಡನನ್ನು ಕಳೆದುಕೊಂಡು ನ್ಯಾಯ ಕೇಳಿದವರು ಎಲ್ಲರೂ ಚರಿತ್ರೆಯ ಪಾತ್ರಗಳಾದರು. ಕತ್ತಿ ಹಿಡಿದ ಒಬ್ಬಿಬ್ಬರಿಗಿಂತ ಈ ನೂರಾರು ಜನರ ಬದುಕು ಕಡಲಿನ ಆರ್ಥಿಕತೆಯನ್ನು ಚೆನ್ನಾಗಿ ವಿವರಿಸುತ್ತದೆ. ಈ ಕ್ಷೇತ್ರದ ಅತ್ಯಂತ ಫಲವತ್ತಾದ ತಿರುವು ಇದೇ ಎಂಬುದು ನನ್ನ ನಂಬಿಕೆ.

ನಮ್ಮ ಕರಾವಳಿ

ಕನ್ನಡ ಕರಾವಳಿಗೆ ಕಡಲ್ಗಳ್ಳರ ಹೆಸರು ಹಳೆಯದು. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ‘ನಿಟ್ರಿಯಾಸ್’ ಬಳಿಯ ಕಡಲ್ಗಳ್ಳರ ಬಗ್ಗೆ ಎಚ್ಚರಿಸುತ್ತಾನೆ; ಅದು ನೇತ್ರಾವತಿಯ ಸೀಮೆ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೂ ಬಾರಕೂರಿನ ಕಡೆಯ ಫಾಕನೂರಿಗೂ ನಡುವೆ ಹನ್ನೆರಡು ಹಡಗುಗಳ ದಾಳಿಗೆ ಸಿಕ್ಕು ಇದ್ದುದನ್ನೆಲ್ಲ ಕಳೆದುಕೊಂಡ. ಅದೇ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡದ್ದಾಗಿಯೂ ಆತ ಬರೆದಿದ್ದಾನೆ.

ಪೋರ್ಚುಗೀಸರು ಬಂದ ಮೇಲೆ ಕಡಲಿನ ಕಾನೂನೇ ಬದಲಾಯಿತು. ಅವರ ‘ಕಾರ್ತಾಜ್’ ಎಂಬ ರಹದಾರಿ ಪತ್ರವಿಲ್ಲದ ಹಡಗನ್ನು ಅವರು ಹಿಡಿದು ಸರಕು ಮುಟ್ಟುಗೋಲು ಹಾಕಬಹುದಿತ್ತು. ತಲೆತಲಾಂತರದಿಂದ ಅರಬ್ಬಿ ಕಡಲಿನಲ್ಲಿ ಅಕ್ಕಿ, ಮೆಣಸು ಸಾಗಿಸುತ್ತಿದ್ದವರು ರಾತ್ರೋರಾತ್ರಿ ಅಪರಾಧಿಗಳಾದರು. ಅಬ್ಬಕ್ಕನನ್ನೂ ಚೆನ್ನಭೈರಾದೇವಿಯನ್ನೂ ಓದಬೇಕಾದದ್ದು ಈ ಹಿನ್ನೆಲೆಯಲ್ಲಿ. ಇವರು ಕಡಲ್ಗಳ್ಳಿಯರಲ್ಲ; ತಮ್ಮ ಬಂದರಿನ ವ್ಯಾಪಾರದ ಹಕ್ಕು ಬಿಟ್ಟುಕೊಡದ ಆಳರಸಿಯರು. ಆದರೂ ಇವರ ಚರಿತ್ರೆ ಟ್ಯೂಟಾ, ಓಮ್ಯಾಲಿ, ಸಯ್ಯಿದಾರ ಚರಿತ್ರೆಯ ಪಕ್ಕದಲ್ಲೇ ನಿಲ್ಲುತ್ತದೆ, ಏಕೆಂದರೆ ಕಡತ ಬರೆದ ಕೈ ಎದುರಾಳಿಯದು.

ಜೈನ ಮನೆತನದ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಗೇರುಸೊಪ್ಪೆಯನ್ನು ಆಳಿದಳು. ಮಲೆನಾಡಿನ ಮೆಣಸು ಅವಳ ಬಂದರುಗಳ ಮೂಲಕ ಹೋಗುತ್ತಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. 1569ರಲ್ಲಿ ಹೊನ್ನಾವರವೂ ಬಸರೂರೂ ಪೋರ್ಚುಗೀಸರ ಕೈಸೇರಿದವು. ಅವಳ ಆಳ್ವಿಕೆ ಮುಗಿಸಿದ್ದು ಮಾತ್ರ ಅವರಲ್ಲ, ಕೆಳದಿಯ ವೆಂಕಟಪ್ಪ ನಾಯಕ.

ಉಳ್ಳಾಲದ ಚೌಟರದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಾರಸು ನಡೆಯುವ ಮನೆತನ. ಅಲ್ಲಿ ಹೆಣ್ಣು ಪಟ್ಟಕ್ಕೇರುವುದು ಗಂಡ ಸತ್ತದ್ದರಿಂದಲ್ಲ, ಹುಟ್ಟಿನ ಹಕ್ಕಿನಿಂದ. ಟ್ಯೂಟಾ, ಝೆಂಗ್ ಯಿ ಸಾವೊರಿಂದ ಅಬ್ಬಕ್ಕನನ್ನು ಬೇರ್ಪಡಿಸುವ ಮುಖ್ಯ ಅಂಶ ಇದು. ಮೀನುಗಾರ ಮೊಗವೀರರೂ ಮುಸ್ಲಿಂ ಬ್ಯಾರಿಗಳೂ ಅವಳ ಪರ ಕಡಲಿಗಿಳಿದರೆಂದೂ ಬೆಂಕಿಬಾಣ ಎಸೆದು ಹಡಗು ಸುಟ್ಟರೆಂದೂ ಜನರ ನೆನಪು ಹೇಳುತ್ತದೆ. ಪೋರ್ಚುಗೀಸರೊಂದಿಗಿನ ಘರ್ಷಣೆಗಳು 1550ರ ದಶಕದಿಂದ 1620ರ ದಶಕದವರೆಗೆ ಹರಡಿರುವುದರಿಂದ, ಒಂದಕ್ಕಿಂತ ಹೆಚ್ಚು ರಾಣಿಯರು ಒಂದೇ ಹೆಸರಿನಲ್ಲಿ ಬೆರೆತಿದ್ದಾರೆ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಇದರಿಂದ ಅಬ್ಬಕ್ಕ ಕುಗ್ಗುವುದಿಲ್ಲ. ಎರಡು ಮೂರು ತಲೆಮಾರು ಹೆಣ್ಣುಗಳೇ ಹಿಡಿದುಕೊಂಡು ಬಂದ ಹೋರಾಟ ಎಂದಾದರೆ ಅದು ಇನ್ನೂ ದೊಡ್ಡ ಮಾತು.

ಅವರಲ್ಲಿ ಒಬ್ಬಳನ್ನು ಕಣ್ಣಾರೆ ಕಂಡವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರ ಡಿಸೆಂಬರಿನಲ್ಲಿ ಆತ ಉಳ್ಳಾಲದ ರಾಣಿಯನ್ನು ಹುಡುಕಿಕೊಂಡು ಮಾನೆಲ್ ಎಂಬಲ್ಲಿಗೆ ಹೋದ. ರಾಣಿ ಸಿಕ್ಕಿದ್ದು ಬೀದಿಯಲ್ಲಿ. ಬರಿಗಾಲು, ಸೊಂಟಕ್ಕೊಂದು ವಸ್ತ್ರ, ತಲೆಯ ಮೇಲೆ ಓಲೆಗರಿಯ ಕೊಡೆ. ಮಣ್ಣು ಅಗೆಯುವ ಕೆಲಸ ನೋಡಲು ನಡೆದುಬರುತ್ತಿದ್ದಳು. ನೋಟಕ್ಕೆ ಅಡುಗೆಯಾಳಿನಂತೆ ಕಂಡರೂ ಮಾತಿನಲ್ಲಿ ವಿವೇಕಿ ಎಂದು ಆತ ಬರೆದ. ಗಂಡನಾಗಿದ್ದ ಬಂಗ ಅರಸನನ್ನು ಬಿಟ್ಟು ಒಡವೆಗಳನ್ನು ಹಿಂದಿರುಗಿಸಿದ್ದು, ಪೋರ್ಚುಗೀಸರ ಬೆಂಬಲವಿದ್ದ ಅವನ ಎದುರು ವೆಂಕಟಪ್ಪ ನಾಯಕನ ನೆರವು ಪಡೆದದ್ದು ಎಲ್ಲ ಅವನ ಬರಹದಲ್ಲಿವೆ. ಮೈಬಣ್ಣ, ಉಡುಪಿನ ಬಗ್ಗೆ ಅವನ ತಾತ್ಸಾರವನ್ನು ಬದಿಗಿಟ್ಟರೆ ಉಳಿಯುವ ಚಿತ್ರ ಅಮೂಲ್ಯ: ಆಳುಗಳ ನಡುವೆ ನಿಂತು ಕೆಲಸ ಮಾಡಿಸುವ ಒಬ್ಬ ದೊರೆ.

ಕಡಲ್ಗಳ್ಳರ ಒಡತಿ ಎಂಬ ಆರೋಪವನ್ನು ನೇರವಾಗಿ ಹೊತ್ತ ರಾಣಿ ನಮ್ಮ ಗಡಿಯಾಚೆ ಇದ್ದಳು. ಕೊಲ್ಲಾಪುರದ ಜೀಜಾಬಾಯಿಯ ಮಾಲವಣದ ನೌಕಾಪಡೆಯನ್ನು ಮುಂಬಯಿಯ ಇಂಗ್ಲಿಷರು ಕಡಲ್ಗಳ್ಳರೆಂದೇ ಬರೆದರು. 1765ರಲ್ಲಿ ಅಲ್ಲಿಯ ಕೋಟೆ ಹಿಡಿದು ಅದಕ್ಕೆ ಫೋರ್ಟ್ ಆಗಸ್ಟಸ್ ಎಂದು ಹೆಸರಿಟ್ಟರು. ಮರುವರ್ಷ ಅದೇ ರಾಣಿಯೊಂದಿಗೆ ಒಪ್ಪಂದ ಮಾಡಿಕೊಂಡು ಕೋಟೆ ಮರಳಿಸಿದರು.

ಕನ್ನಡದ ಕೆಲಸ

ಕನ್ನಡದಲ್ಲಿ ಈ ಅಧ್ಯಯನಕ್ಕೆ ನೂರು ವರ್ಷದ ಬೇರಿದೆ. ಎಂ. ಗಣಪತಿ ರಾವ್ ಐಗಳು 1923ರಲ್ಲಿ ದಕ್ಷಿಣ ಕನ್ನಡದ ಪ್ರಾಚೀನ ಇತಿಹಾಸ ಬರೆದರು. ಪಿ. ಗುರುರಾಜ ಭಟ್ಟರು ತುಳುನಾಡಿನ ಶಾಸನ, ದೇಗುಲಗಳನ್ನು ಊರೂರು ತಿರುಗಿ ದಾಖಲಿಸಿದರು. ಬಿ. ಎಸ್. ಶಾಸ್ತ್ರಿಯವರು ಗೋವಾ ಮತ್ತು ಕೆನರಾ ಸಂಬಂಧವನ್ನು ಪೋರ್ಚುಗೀಸ್ ಮೂಲಗಳಿಂದ ಬಿಡಿಸಿದರು. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ಅಬ್ಬಕ್ಕನ ಹೆಸರಿನಲ್ಲಿ ಅಧ್ಯಯನ ಕೇಂದ್ರ, ವಸ್ತುಸಂಗ್ರಹಾಲಯ ಕಟ್ಟಿದರು. ಗಜಾನನ ಶರ್ಮರ ಕಾದಂಬರಿ ಚೆನ್ನಭೈರಾದೇವಿಯನ್ನು ಹೊಸ ಓದುಗರ ಬಳಿಗೆ ತಂದಿತು. 2012ರಲ್ಲಿ ಕರಾವಳಿ ಕಾವಲು ಪಡೆಯ ಗಸ್ತು ಹಡಗೊಂದು ರಾಣಿ ಅಬ್ಬಕ್ಕ ಎಂಬ ಹೆಸರು ಹೊತ್ತಿತು.

ಗೌರವ ಸಂದಿದೆ, ಓದು ಮಾತ್ರ ಬಾಕಿ ಇದೆ. ದಿಯೊಗೊ ದೊ ಕೌತೊನಂಥ ಪೋರ್ಚುಗೀಸ್ ಬರಹಗಾರರಲ್ಲಿ ನಮ್ಮ ರಾಣಿಯರ ಬಗ್ಗೆ ಇರುವ ಭಾಗಗಳು, ದೆಲ್ಲಾ ವಾಲ್ಲೆಯ ಪತ್ರಗಳು, ಕರಾವಳಿಯ ಶಾಸನಗಳು, ತುಳು ಜನಪದ ಹಾಡುಗಳಾದ ಪಾಡ್ದನಗಳು ಒಂದೇ ಕಡೆ, ಟಿಪ್ಪಣಿ ಸಹಿತ, ಎಲ್ಲರಿಗೂ ಎಟಕುವ ಕನ್ನಡದಲ್ಲಿ ಬರಬೇಕು. ಆ್ಯಪಲ್‌ಬಿ ಇಂಗ್ಲೆಂಡಿನ ಬಂದರುಗಳಲ್ಲಿ ಮಾಡಿದಂತೆ, ಬಸರೂರು, ಮಂಗಳೂರು, ಹೊನ್ನಾವರದ ದಡದಲ್ಲಿ ಅಕ್ಕಿ ಕುಟ್ಟಿ, ಮೀನು ಮಾರಿ, ಹಡಗಿನವರ ಮನೆ ನಡೆಸಿದ ಹೆಂಗಸರನ್ನೂ ಹುಡುಕಬೇಕು. ಕೆನರಾದ ಅಕ್ಕಿ ಗೋವಾ, ಮಸ್ಕತ್ತುಗಳ ಹೊಟ್ಟೆ ತುಂಬಿಸಿದ್ದು ಅವರ ದುಡಿಮೆಯಿಂದಲೂ ಹೌದು. ಜಮೈಕಾದ ಒಂದು ಸಾಕ್ಷಿಹೇಳಿಕೆ ಮುನ್ನೂರು ವರ್ಷದ ಕಟ್ಟುಕಥೆಯನ್ನು ತಿದ್ದಿದೆ. ವೈರಿ ಬರೆದದ್ದನ್ನು ವೈರಿಯ ಕಣ್ಣಿನಿಂದಲೂ ಭಕ್ತಿಯ ಕಣ್ಣಿನಿಂದಲೂ ನೋಡದೆ, ಸಾಲು ಸಾಲಾಗಿ ಓದಿದರೆ ಉಳ್ಳಾಲ, ಗೇರುಸೊಪ್ಪೆಯ ರಾಣಿಯರೂ ತಮ್ಮ ನಿಜದ ಎತ್ತರದಲ್ಲಿ ಕಾಣುತ್ತಾರೆ. ಆ ಎತ್ತರಕ್ಕೆ ಉತ್ಪ್ರೇಕ್ಷೆಯ ಹಂಗು ಬೇಕಿಲ್ಲ.