ಮೇಲುಕೋಟೆಯಲ್ಲಿ ಹುಟ್ಟಿದ ನಾಯಕಿ: ಜಯಲಲಿತಾ ಅವರ ನಟನಾ ಬದುಕು

ಮಂಡ್ಯ ಜಿಲ್ಲೆಯಲ್ಲಿ ಸಿನಿಮಾದ ಮಾತು ಬಂದರೆ ಮೊದಲು ನೆನಪಾಗುವುದು ದೊಡ್ಡರಸಿನಕೆರೆಯ ಅಂಬರೀಶ್. ನಿರ್ದೇಶಕರ ಮಾತು ಬಂದರೆ ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯಿಂದ ಹೊರಟು ‘ಅಮೆರಿಕಾ ಅಮೆರಿಕಾ’ ತೆಗೆದ ನಾಗತಿಹಳ್ಳಿ ಚಂದ್ರಶೇಖರ್. ಆದರೆ ಇದೇ ಜಿಲ್ಲೆಯಲ್ಲಿ ಹುಟ್ಟಿ, ಹಲವು ಭಾಷೆಗಳ ಸುಮಾರು 140 ಚಿತ್ರಗಳಲ್ಲಿ ನಟಿಸಿ, ದಕ್ಷಿಣ ಭಾರತದ ಅತಿ ಬೇಡಿಕೆಯ ನಾಯಕಿಯರಲ್ಲಿ ಒಬ್ಬರಾಗಿದ್ದ ಜಯಲಲಿತಾ ಅವರನ್ನು ನಮ್ಮವರು ನಟಿಯಾಗಿ ನೆನೆಯುವುದು ತೀರಾ ಕಡಿಮೆ. ಮುಂದೆ ಅವರು ತಮಿಳುನಾಡಿನ ಮುಖ್ಯಮಂತ್ರಿಯಾದಾಗಿನ ಕಾವೇರಿ ನೀರಿನ ಜಗಳ ಆ ನೆನಪಿನ ಮೇಲೆ ಕೂತುಬಿಟ್ಟಿದೆ. ಅವರ ಮೊದಲ ಬಣ್ಣ, ನಾಯಕಿಯಾಗಿ ಮೊದಲ ಪಾತ್ರ ಎರಡೂ ಕನ್ನಡದವು ಎಂಬುದು ಹೊಸ ತಲೆಮಾರಿಗೆ ಗೊತ್ತೇ ಇಲ್ಲ. ಈ ಲೇಖನ ಮುಖ್ಯವಾಗಿ ಆ ಭಾಗದ ಬಗ್ಗೆ.

ಹುಟ್ಟು ಮತ್ತು ಮನೆತನ

ಜಯಲಲಿತಾ ಹುಟ್ಟಿದ್ದು 1948ರ ಫೆಬ್ರುವರಿ 24ರಂದು, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ. ರಾಮಾನುಜಾಚಾರ್ಯರು ನೆಲೆಸಿದ್ದ, ಚೆಲುವನಾರಾಯಣನ ವೈರಮುಡಿ ಉತ್ಸವಕ್ಕೆ ಸುತ್ತಲ ಸೀಮೆಯೆಲ್ಲ ನೆರೆಯುವ ಊರು ಅದು. ಕವಿ ಪು.ತಿ.ನರಸಿಂಹಾಚಾರ್ ಅವರ ಊರೂ ಅದೇ. ಯೋಗನರಸಿಂಹನ ಬೆಟ್ಟದ ಮೆಟ್ಟಿಲುಗಳನ್ನೂ ಕಲ್ಯಾಣಿಯ ಮಂಟಪಗಳನ್ನೂ ಹಿನ್ನೆಲೆಯಾಗಿಟ್ಟುಕೊಂಡು ಹಲವು ಭಾಷೆಗಳ ಚಿತ್ರತಂಡಗಳು ಇಲ್ಲಿ ಹಾಡು, ದೃಶ್ಯಗಳನ್ನು ಚಿತ್ರಿಸಿಕೊಂಡು ಹೋಗಿವೆ.

ಅಯ್ಯಂಗಾರ್ ಮನೆತನದ ರೂಢಿಯಂತೆ ಮಗುವಿಗೆ ಮೊದಲು ಇಟ್ಟದ್ದು ಅಜ್ಜಿಯ ಹೆಸರು, ಕೋಮಲವಲ್ಲಿ. ಜಯಲಲಿತಾ ಎಂಬ ಹೆಸರು ಬಂದದ್ದು ವರ್ಷ ತುಂಬುವ ಹೊತ್ತಿಗೆ. ಮೈಸೂರಿನಲ್ಲಿ ಕುಟುಂಬ ವಾಸವಿದ್ದ ‘ಜಯವಿಲಾಸ’, ‘ಲಲಿತವಿಲಾಸ’ ಎಂಬ ಎರಡು ಮನೆಗಳ ಹೆಸರು ಕೂಡಿ ಅದಾಯಿತು. ತಂದೆಯ ತಂದೆ ನರಸಿಂಹನ್ ರಂಗಾಚಾರಿ ಮೈಸೂರು ಸಂಸ್ಥಾನದಲ್ಲಿ ಶಸ್ತ್ರವೈದ್ಯರಾಗಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಸ್ಥಾನ ವೈದ್ಯರಾಗಿದ್ದವರು. ತಂದೆ ಜಯರಾಮ್ ಕಾನೂನು ಓದಿದ್ದರೂ ದುಡಿದವರಲ್ಲ. ಮನೆತನದ ಆಸ್ತಿ ಕರಗುತ್ತಿದ್ದಂತೆಯೇ ತೀರಿಕೊಂಡರು. ಆಗ ಮಗಳಿಗೆ ಎರಡು ವರ್ಷ. ಅಣ್ಣ ಜಯಕುಮಾರ್ ಕೂಡ ಇನ್ನೂ ಚಿಕ್ಕವನು.

ಬೆಂಗಳೂರಿನ ಬಾಲ್ಯ

ತಾಯಿ ವೇದವಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ತವರಿಗೆ ಬಂದರು. ಅವರ ತಂದೆ ಹಿಂದೂಸ್ತಾನ್ ಏರೋನಾಟಿಕ್ಸ್‌ನಲ್ಲಿ ಕೆಲಸಕ್ಕಿದ್ದವರು. ವೇದವಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಗುಮಾಸ್ತೆಯಾಗಿ ದುಡಿದರು. ಅವರ ತಂಗಿ ಅಂಬುಜವಲ್ಲಿ ಆಗಲೇ ಮದರಾಸು ಸೇರಿ ವಿದ್ಯಾವತಿ ಎಂಬ ಹೆಸರಿನಲ್ಲಿ ಸಿನಿಮಾ, ನಾಟಕಗಳಲ್ಲಿ ಅಭಿನಯಿಸುತ್ತಿದ್ದರು. ಅವರ ಬೆನ್ನಿಗೇ ವೇದವಲ್ಲಿಯೂ ಹೋಗಿ ‘ಸಂಧ್ಯಾ’ ಆದರು. ಮಗಳು ಮಾತ್ರ ಅಜ್ಜಿ, ತಾತ, ಚಿಕ್ಕಮ್ಮ ಪದ್ಮವಲ್ಲಿಯವರ ಜೊತೆ ಬೆಂಗಳೂರಿನಲ್ಲೇ ಉಳಿದು ಬಿಷಪ್ ಕಾಟನ್ ಬಾಲಕಿಯರ ಶಾಲೆಯಲ್ಲಿ ಓದಿದಳು.

ಮುಂದೆ ಜಯಲಲಿತಾ ಹೇಳಿಕೊಂಡ ಒಂದು ಸಂಗತಿ ಆ ದಿನಗಳನ್ನು ಕಣ್ಣಿಗೆ ಕಟ್ಟುತ್ತದೆ. ಅಮ್ಮ ಮದರಾಸಿನಿಂದ ಬಂದಾಗ, ಮತ್ತೆ ಹೊರಟುಬಿಡುತ್ತಾಳೆಂಬ ಭಯಕ್ಕೆ ಹುಡುಗಿ ಅವಳ ಸೆರಗನ್ನು ಕೈಗೆ ಸುತ್ತಿಕೊಂಡು ಮಲಗುತ್ತಿದ್ದಳಂತೆ. ಎಳೆದರೆ ಎಚ್ಚರವಾದೀತೆಂದು ಅಮ್ಮ ಮೆಲ್ಲನೆ ಸೀರೆಯನ್ನೇ ಬಿಚ್ಚಿಟ್ಟು, ಅದನ್ನು ಚಿಕ್ಕಮ್ಮನಿಗೆ ಉಡಿಸಿ ಮಗುವಿನ ಪಕ್ಕ ಮಲಗಿಸಿ ಹೊರಟುಬಿಡುತ್ತಿದ್ದರು. ಬೆಳಗ್ಗೆ ಎದ್ದ ಮಗು ಅತ್ತು ಕರೆದು ರಂಪ ಮಾಡುತ್ತಿತ್ತು. ಸಿನಿಮಾ ಎಂಬುದು ಜಯಲಲಿತಾ ಬಾಳಿಗೆ ಬಂದದ್ದು ಹೀಗೆ, ಅಮ್ಮನನ್ನು ಕರೆದೊಯ್ದ ಕಸುಬಾಗಿ. ತಾವೂ ಅದೇ ಕಸುಬಿಗೆ ಬಿದ್ದದ್ದು ಇಷ್ಟಪಟ್ಟಲ್ಲ ಎಂದು ಅವರು ಕಡೆಯವರೆಗೂ ಹೇಳುತ್ತಿದ್ದರು. ಈ ಹಿನ್ನೆಲೆ ಗೊತ್ತಿದ್ದರೆ ಆ ಮಾತನ್ನು ನಂಬುವುದು ಕಷ್ಟವಲ್ಲ.

ಚಿಕ್ಕಮ್ಮನಿಗೆ ಮದುವೆಯಾದ ಮೇಲೆ, 1958ರಲ್ಲಿ, ಹುಡುಗಿ ಮದರಾಸಿಗೆ ಹೋಗಿ ಚರ್ಚ್ ಪಾರ್ಕ್ ಕಾನ್ವೆಂಟ್ ಸೇರಿದಳು. ಓದಿನಲ್ಲಿ ಮುಂದಿದ್ದಳು. ಗುರು ಕೆ.ಜೆ.ಸರಸಾ ಅವರಲ್ಲಿ ಭರತನಾಟ್ಯ ಕಲಿತು, 1960ರಲ್ಲಿ ಮೈಲಾಪುರದ ರಸಿಕ ರಂಜನಿ ಸಭೆಯಲ್ಲಿ ರಂಗಪ್ರವೇಶ ಮಾಡಿದಳು. ಅಂದು ಮುಖ್ಯ ಅತಿಥಿಯಾಗಿ ಬಂದವರು ಶಿವಾಜಿ ಗಣೇಶನ್.

ಮೊದಲ ಬಣ್ಣ: ‘ಶ್ರೀಶೈಲ ಮಹಾತ್ಮೆ’

ಕ್ಯಾಮರಾ ಮುಂದೆ ಬಂದದ್ದು ಆಕಸ್ಮಿಕ. ರಾಜ್‌ಕುಮಾರ್ ನಾಯಕರಾಗಿದ್ದ ‘ಶ್ರೀಶೈಲ ಮಹಾತ್ಮೆ’ಯಲ್ಲಿ ಸಂಧ್ಯಾ ಅವರಿಗೂ ಪಾತ್ರವಿತ್ತು. ಚಿತ್ರೀಕರಣ ನೋಡಲು ಅಮ್ಮನ ಜೊತೆ ಮಗಳೂ ಸ್ಟುಡಿಯೋಗೆ ಹೋಗಿದ್ದಳು. ಅಂದು ನಟಿಸಬೇಕಿದ್ದ ಬಾಲನಟಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. ನಿರ್ಮಾಪಕರ ಕಣ್ಣು ಅಲ್ಲೇ ನಿಂತಿದ್ದ ಈ ಹುಡುಗಿಯ ಮೇಲೆ ಬಿತ್ತು. ಹೀಗೆ 1961ರಲ್ಲಿ ತೆರೆ ಕಂಡ ಆ ಕನ್ನಡ ಚಿತ್ರದಲ್ಲಿ ಅವರ ಮುಖ ಮೊದಲ ಬಾರಿಗೆ ಕಾಣಿಸಿತು. ಅದೇ ಸುಮಾರಿನಲ್ಲಿ ವಿ.ವಿ.ಗಿರಿಯವರ ಮಗ ಶಂಕರ್ ಗಿರಿ ‘ಎಪಿಸಲ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಅವರಿಂದ ಅಭಿನಯ ಮಾಡಿಸಿದರು. ಕಾನ್ವೆಂಟಿನ ಇಂಗ್ಲಿಷು ಅಲ್ಲಿ ಕೆಲಸಕ್ಕೆ ಬಂತು.

‘ಚಿನ್ನದ ಗೊಂಬೆ’ ಮತ್ತು ಪಂತುಲು

ನಾಯಕಿಯಾಗಿ ಅವರನ್ನು ತೆರೆಗೆ ತಂದವರು ಕೋಲಾರ ಸೀಮೆಯ ಬಿ.ಆರ್.ಪಂತುಲು. ‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’ ತೆಗೆದ ಪಂತುಲು ತಮಿಳಿನಲ್ಲೂ ‘ವೀರಪಾಂಡಿಯ ಕಟ್ಟಬೊಮ್ಮನ್’, ‘ಕರ್ಣನ್’ ಕೊಟ್ಟ ದೊಡ್ಡ ನಿರ್ದೇಶಕ. ‘ಕರ್ಣನ್’ನಲ್ಲಿ ಸಂಧ್ಯಾ ನಟಿಸಿದ್ದರು. 1964ರಲ್ಲಿ ಆ ಚಿತ್ರದ ಯಶಸ್ಸಿನ ಸಮಾರಂಭಕ್ಕೆ ಅಮ್ಮನೊಂದಿಗೆ ಬಂದಿದ್ದ ಹದಿನಾರರ ಹುಡುಗಿಯನ್ನು ಕಂಡು ಪಂತುಲು ತಮ್ಮ ಮುಂದಿನ ಕನ್ನಡ ಚಿತ್ರಕ್ಕೆ ಕೇಳಿದರು. ಮೆಟ್ರಿಕ್ ಮುಗಿದಿತ್ತು, ಕಾಲೇಜು ಶುರುವಾಗುವುದು ಜುಲೈನಲ್ಲಿ. ಅಷ್ಟರೊಳಗೆ, ಎರಡು ತಿಂಗಳಲ್ಲಿ, ಚಿತ್ರೀಕರಣ ಮುಗಿಸಿಕೊಡುತ್ತೇನೆ ಎಂದು ಪಂತುಲು ಮಾತು ಕೊಟ್ಟ ಮೇಲೆಯೇ ಸಂಧ್ಯಾ ಒಪ್ಪಿದ್ದು. ಸಂಭಾವನೆ 3,000 ರೂಪಾಯಿ.

ಕಲ್ಯಾಣ್ ಕುಮಾರ್ ನಾಯಕರಾಗಿದ್ದ ‘ಚಿನ್ನದ ಗೊಂಬೆ’ ಅದೇ ವರ್ಷ ಬಿಡುಗಡೆಯಾಗಿ ಚೆನ್ನಾಗಿ ಓಡಿತು. ಟಿ.ಜಿ.ಲಿಂಗಪ್ಪ ಅವರ ಸಂಗೀತದ ಅದರ ಹಾಡುಗಳು ಇಂದಿಗೂ ಆಕಾಶವಾಣಿಯ ಹಳೆಯ ಕೇಳುಗರ ಬಾಯಲ್ಲಿವೆ. ಪಂತುಲು ಇದೇ ಕಥೆಯನ್ನು ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರನ್ನಿಟ್ಟುಕೊಂಡು ‘ಮುರಡನ್ ಮುತ್ತು’ ಎಂದು ತೆಗೆದರು. ಎರಡು ತಿಂಗಳ ಕೆಲಸ ಎಂದು ಒಪ್ಪಿಕೊಂಡದ್ದು ಹದಿನಾರು ವರ್ಷಗಳ ದುಡಿಮೆಯಾಯಿತು. ಕಾಲೇಜಿನ ಓದು ಅಲ್ಲಿಗೇ ನಿಂತಿತು.

ಆಮೇಲೆ ಕನ್ನಡದಲ್ಲಿ ‘ಮನೆ ಅಳಿಯ’ (1964), ‘ನನ್ನ ಕರ್ತವ್ಯ’ (1965), ‘ಮಾವನ ಮಗಳು’ (1965), ‘ಬದುಕುವ ದಾರಿ’ (1966) ಬಂದವು. ಇವುಗಳಲ್ಲಿ ಹೆಚ್ಚಿನವಕ್ಕೆ ಕಲ್ಯಾಣ್ ಕುಮಾರ್ ಅವರೇ ನಾಯಕ. ಮಾತೃಭಾಷೆಯಷ್ಟೇ ಸಲೀಸಾಗಿ ಕನ್ನಡ ಆಡುತ್ತಿದ್ದ, ನಾಟ್ಯ ಬಲ್ಲ, ಕಲಿತ ಹುಡುಗಿ ಕನ್ನಡಕ್ಕೆ ಸಿಕ್ಕಿದ್ದಳು. ಆದರೂ ಕನ್ನಡ ಅವರನ್ನು ಉಳಿಸಿಕೊಳ್ಳಲಿಲ್ಲ.

ಅದಕ್ಕೆ ಕಾರಣ ಹುಡುಕುವುದು ಕಷ್ಟವೇನಲ್ಲ. ಆ ಕಾಲದ ಕನ್ನಡ ಚಿತ್ರರಂಗ ಇದ್ದದ್ದೇ ಮದರಾಸಿನಲ್ಲಿ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಬಿಟ್ಟರೆ ಸ್ಟುಡಿಯೋ, ಲ್ಯಾಬು, ಧ್ವನಿಮುದ್ರಣ ಎಲ್ಲಕ್ಕೂ ಕೋಡಂಬಾಕ್ಕಂ ಕಡೆಗೇ ಹೋಗಬೇಕು. ರಾಜ್‌ಕುಮಾರ್ ಅವರ ಮನೆಯೂ ಅಲ್ಲೇ ಇತ್ತು. ಕನ್ನಡ ಚಿತ್ರಕ್ಕೆ ಮಾರುಕಟ್ಟೆ ಕಿರಿದು, ಹೂಡುವ ಹಣ ಕಡಿಮೆ. ರಾಜ್ಯದಲ್ಲೇ ಚಿತ್ರ ತಯಾರಾಗಲಿ ಎಂದು ಸರ್ಕಾರ ಸಹಾಯಧನ ಶುರು ಮಾಡಿದ್ದು 1960ರ ದಶಕದ ಉತ್ತರಾರ್ಧದಲ್ಲಿ. ಅಷ್ಟು ಹೊತ್ತಿಗೆ ಜಯಲಲಿತಾ ಪಕ್ಕದ ಫ್ಲೋರಿಗೆ ದಾಟಿಯಾಗಿತ್ತು.

ತಮಿಳು, ತೆಲುಗು, ಹಿಂದಿ

1965ರಲ್ಲಿ ಶ್ರೀಧರ್ ನಿರ್ದೇಶನದ ‘ವೆಣ್ಣಿರ ಆಡೈ’ ಅವರ ಮೊದಲ ತಮಿಳು ಚಿತ್ರ. ಮಾನಸಿಕ ಆಘಾತಕ್ಕೊಳಗಾದ ಎಳೆಯ ವಿಧವೆಯ ಪಾತ್ರ. ಚಿತ್ರಕ್ಕೆ ವಯಸ್ಕರ ಪ್ರಮಾಣಪತ್ರ ಸಿಕ್ಕಿತು. ಹದಿನೇಳರ ನಾಯಕಿಗೆ ತನ್ನದೇ ಚಿತ್ರ ನೋಡುವ ವಯಸ್ಸಾಗಿರಲಿಲ್ಲ! ಅದೇ ವರ್ಷ ಪಂತುಲು ‘ಆಯಿರತ್ತಿಲ್ ಒರುವನ್’ ತೆಗೆದು ಎಂ.ಜಿ.ರಾಮಚಂದ್ರನ್ ಎದುರು ಜಯಲಲಿತಾ ಅವರನ್ನು ನಿಲ್ಲಿಸಿದರು. ಹಡಗು, ಕಡಲ್ಗಳ್ಳರ ಕಥೆಯ ಆ ಚಿತ್ರದ ದೃಶ್ಯಗಳು ನಮ್ಮ ಕಾರವಾರದ ಕಡಲಲ್ಲಿ ಚಿತ್ರಿತವಾದವು. ಕನ್ನಡದಲ್ಲಿ ನಾಯಕಿ ಮಾಡಿದವರೇ ತಮಿಳಿನಲ್ಲೂ ಅವರ ದಾರಿ ತಿರುಗಿಸಿದರು. ಎಂ.ಜಿ.ಆರ್ ಜೊತೆ ಅವರು ಅಭಿನಯಿಸಿದ ಚಿತ್ರಗಳು ಒಟ್ಟು 28.

ತೆಲುಗಿನಲ್ಲಿ ‘ಮನುಷುಲು ಮಮತಲು’ (1965) ಚಿತ್ರದಿಂದ ಹೆಸರು ಬಂತು. ಹಿಂದಿಯಲ್ಲಿ ಧರ್ಮೇಂದ್ರ ಜೊತೆ ‘ಇಜ್ಜತ್’ (1968). ‘ಅಡಿಮೈ ಪೆಣ್’ (1969) ಚಿತ್ರಕ್ಕೆ ಕೆ.ವಿ.ಮಹಾದೇವನ್ ಸಂಗೀತದಲ್ಲಿ ತಾವೇ ಹಾಡಿದರು. ನಟನೆಯ ಲೆಕ್ಕದಲ್ಲಿ ತೂಕದ ಪಾತ್ರಗಳು ಬಂದದ್ದು ಇದಾದ ಮೇಲೆ. ಶಿವಾಜಿ ಗಣೇಶನ್ ಎದುರು ‘ಪಟ್ಟಿಕ್ಕಾಡಾ ಪಟ್ಟಣಮಾ’ದಲ್ಲಿ (1972) ಹಳ್ಳಿಯ ಗಂಡನಿಗೆ ಬಗ್ಗದ ಪೇಟೆಯ ಹೆಂಡತಿಯಾಗಿ ಅವರು ಸರಿಸಾಟಿಯಾಗಿ ನಿಂತರು, ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಎಂ.ಜಿ.ಆರ್ ಚಿತ್ರಗಳಲ್ಲಿ ನಾಯಕನ ಪಕ್ಕದ ಅಲಂಕಾರವಾಗಿ ಕಂಡವರು ಶಿವಾಜಿ ಚಿತ್ರಗಳಲ್ಲಿ ಮಾತಿಗೆ ಮಾತು ಕೊಡುವ ನಟಿಯಾಗಿ ಕಾಣುತ್ತಾರೆ. ಅವರ ಪ್ರತಿಭೆ ಅಳೆಯಬೇಕಾದವರು ಈ ಎರಡನೆಯ ಗುಂಪಿನ ಚಿತ್ರಗಳನ್ನೇ ನೋಡಬೇಕು.

1971ರಲ್ಲಿ ತಾಯಿ ತೀರಿಕೊಂಡರು. ಮದರಾಸಿನ ಪೋಯಸ್ ಗಾರ್ಡನ್ ಮನೆಗೆ ‘ವೇದನಿಲಯಂ’ ಎಂದು ಅಮ್ಮನ ಹೆಸರನ್ನೇ ಇಟ್ಟರು. 1980ರ ‘ನದಿಯೈ ತೇಡಿ ವಂದ ಕಡಲ್’ ಅವರ ಕೊನೆಯ ಚಿತ್ರ. ಆಗ ಅವರಿಗೆ ಮೂವತ್ತೆರಡು.

ರಾಜಕೀಯ ಮತ್ತು ಕಾವೇರಿ

1982ರಲ್ಲಿ ಎಂ.ಜಿ.ಆರ್ ಅವರ ಎಐಎಡಿಎಂಕೆ ಪಕ್ಷ ಸೇರಿ, 1984ರಲ್ಲಿ ರಾಜ್ಯಸಭೆಗೆ ಹೋಗಿ, 1991ರ ಜೂನ್ 24ರಂದು ತಮಿಳುನಾಡಿನ ಮುಖ್ಯಮಂತ್ರಿಯಾದರು. ಮಾರನೆಯ ದಿನವೇ, ಜೂನ್ 25ರಂದು, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು: ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು. ಆ ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿ ಉರಿಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ತಾಲ್ಲೂಕುಗಳ ನೆಲದಲ್ಲಿ ಹರಡಿಕೊಂಡಿರುವ ಕನ್ನಂಬಾಡಿಯ ನೀರಿಗಾಗಿ ಅಲ್ಲಿಯೇ ಹುಟ್ಟಿದ ಹೆಣ್ಣುಮಗಳು ಎದುರಾಳಿಯಾದಳು ಎಂಬುದು ಮಂಡ್ಯದ ರೈತರಿಗೆ ನುಂಗಲಾರದ ತುತ್ತಾಯಿತು. ನಾಲೆಯ ನೀರನ್ನೇ ನಂಬಿ ಭತ್ತ, ಕಬ್ಬು ಬೆಳೆಯುವವರ ಸಿಟ್ಟು ಅರ್ಥವಾಗುವಂಥದ್ದೇ. 2002ರಲ್ಲಂತೂ ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ.ಕೃಷ್ಣ ಇತ್ತ, ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅತ್ತ. ಎರಡು ರಾಜ್ಯಗಳ ಮುಖ್ಯಮಂತ್ರಿಗಳೂ ಒಂದೇ ಜಿಲ್ಲೆಯವರು. ಆ ಅಕ್ಟೋಬರಿನಲ್ಲಿ ಕೃಷ್ಣ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಹೊರಟರು.

ಜಯಲಲಿತಾ ಮೇಲಿನ ಅಕ್ರಮ ಆಸ್ತಿ ಪ್ರಕರಣದ ವಿಚಾರಣೆಯೂ ಬೆಂಗಳೂರಿಗೇ ಬಂತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿ ಅವರು ಪರಪ್ಪನ ಅಗ್ರಹಾರ ಸೇರಿದರು. 2015ರ ಮೇನಲ್ಲಿ ಹೈಕೋರ್ಟ್ ಖುಲಾಸೆಗೊಳಿಸಿತು. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ರದ್ದು ಮಾಡುವ ಹೊತ್ತಿಗೆ ಅವರು ಬದುಕಿರಲಿಲ್ಲ. ಆಡಳಿತಗಾರ್ತಿಯಾಗಿ ಅವರ ಸರಿತಪ್ಪುಗಳ ಚರ್ಚೆ ಬೇರೆಯೇ ಲೇಖನದ ವಿಷಯ.

ಪಶ್ಚಿಮವಾಹಿನಿಯ ಕ್ರಿಯೆ

2016ರ ಡಿಸೆಂಬರ್ 5ರಂದು ಜಯಲಲಿತಾ ಚೆನ್ನೈನಲ್ಲಿ ನಿಧನರಾದರು. ಮರುದಿನ ಮರೀನಾ ಕಡಲ ತೀರದಲ್ಲಿ, ಎಂ.ಜಿ.ಆರ್ ಸಮಾಧಿಯ ಆವರಣದಲ್ಲಿ ಮಣ್ಣು ಮಾಡಲಾಯಿತು. ದಹನ ಮಾಡದೆ ಹೂಳಿದ್ದು ಮನೆತನದ ಸಂಪ್ರದಾಯಕ್ಕೆ ಒಪ್ಪುವುದಲ್ಲ ಎಂದು, ಅವರ ಸಂಬಂಧಿಕರೆಂದು ಹೇಳಿಕೊಂಡವರು ಡಿಸೆಂಬರ್ 13ರಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ದೇಹದ ಬದಲಿಗೆ ಗೊಂಬೆಯೊಂದನ್ನಿಟ್ಟು ಸಾಂಕೇತಿಕವಾಗಿ ದಹನಕ್ರಿಯೆ ನಡೆಸಿದರು. ಕಾವೇರಿ ಪಡುವಣಕ್ಕೆ ತಿರುಗಿ ಹರಿಯುವ ಆ ಜಾಗಕ್ಕೆ ಸುತ್ತಲ ಜಿಲ್ಲೆಗಳವರೆಲ್ಲ ಅಸ್ಥಿ ಬಿಡಲು ಬರುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಇಲ್ಲಿ ವಿಸರ್ಜಿಸಲಾಗಿತ್ತು.

ಇಂದು ಉಳಿದಿರುವುದು

ಅವರ ಬದುಕನ್ನು ಆಧರಿಸಿ ರಮ್ಯಾ ಕೃಷ್ಣ ಅಭಿನಯದ ‘ಕ್ವೀನ್’ ವೆಬ್ ಸರಣಿ 2019ರಲ್ಲಿ, ಕಂಗನಾ ರನೌತ್ ಅಭಿನಯದ ‘ತಲೈವಿ’ 2021ರಲ್ಲಿ ಬಂದವು. ಹೊಸಬರಿಗೆ ಗೊತ್ತಿರುವ ಜಯಲಲಿತಾ ಈ ಎರಡರಿಂದ ಬಂದವರು. ಎರಡೂ ತಮಿಳುನಾಡಿನ ಕಣ್ಣಿನಿಂದ ಹೇಳಿದ ಕಥೆಗಳು.

ಕನ್ನಡದ ಪಾಲಿನ ಕಥೆಯನ್ನು ಹೇಳಬೇಕಾದವರು ನಾವು. ನೀರಿನ ವ್ಯಾಜ್ಯವನ್ನು ನ್ಯಾಯಾಲಯದಲ್ಲಿ, ಬೀದಿಯಲ್ಲಿ ಹೋರಾಡಿದ್ದು ಸರಿಯೇ. ಅದಕ್ಕಾಗಿ 1964ರ ಒಂದು ಒಳ್ಳೆಯ ಕನ್ನಡ ಚಿತ್ರವನ್ನೂ ಅದರ ನಾಯಕಿಯನ್ನೂ ಮರೆಯಬೇಕಿಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿ ‘ಚಿನ್ನದ ಗೊಂಬೆ’ಯಿಂದ ‘ಬದುಕುವ ದಾರಿ’ಯವರೆಗಿನ ಚಿತ್ರಗಳ ಒಳ್ಳೆಯ ಪ್ರತಿಗಳನ್ನು ಕಾಪಿಟ್ಟು, ಒಮ್ಮೆಯಾದರೂ ಮಂಡ್ಯದಲ್ಲಿ, ಪಾಂಡವಪುರದಲ್ಲಿ ಪ್ರದರ್ಶಿಸಲಿ. ಮೇಲುಕೋಟೆಗೆ ಹೋಗುವ ಓದುಗರು, ಬೆಟ್ಟ ಹತ್ತಿ ಪುಳಿಯೋಗರೆ ತಿಂದು ಬರುವಾಗ, ಇದು ಪು.ತಿ.ನ ಅವರ ಊರು ಎಂದು ಮಕ್ಕಳಿಗೆ ಹೇಳುವಂತೆಯೇ ನಟಿ ಜಯಲಲಿತಾ ಹುಟ್ಟಿದ ಊರೂ ಹೌದು ಎಂದು ಹೇಳಿ.