ಯಾರು ಯಾರಿಗೆ ನೆರೆ: ಪ್ರೋಟೀನಿನೊಳಗಿನ ಸಂಪರ್ಕಗಳ ಅಧ್ಯಯನ

ಮನುಷ್ಯನ ಹಿಮೋಗ್ಲೋಬಿನ್‌ನಲ್ಲಿರುವ ಬೀಟಾ ಸರಪಳಿಯ ಉದ್ದ 146 ಅಮೈನೋ ಆಮ್ಲಗಳು. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂತರೆ ಅದು ಸಿಕಲ್ ಸೆಲ್ ರಕ್ತಹೀನತೆಗೆ ದಾರಿ. ಇದು ಅಣುವಿನ ಮಟ್ಟದ ಕಾಯಿಲೆ ಎಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. ಸರಪಳಿಯ ಯಾವ ತುಣುಕಿನಲ್ಲಿ ವ್ಯತ್ಯಾಸವಿದೆ ಎಂಬುದನ್ನು 1956ರಲ್ಲಿ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಮ್ ಪತ್ತೆಹಚ್ಚಿದರು. ಆದರೆ ಒಂದು ಆಮ್ಲ ಬದಲಾದ ಮಾತ್ರಕ್ಕೆ ರಕ್ತಕಣವೇ ಕುಡುಗೋಲಿನಂತೆ ಬಾಗುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟದ್ದು 1970 ಮತ್ತು 80ರ ದಶಕಗಳಲ್ಲಿ ನಡೆದ ಹರಳುಗಳ ಎಕ್ಸ್-ರೇ ಅಧ್ಯಯನ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಬೀಟಾ ಸರಪಳಿಯಲ್ಲಿ 85ನೆಯ ಫಿನೈಲ್‌ಅಲನೀನ್ ಮತ್ತು 88ನೆಯ ಲ್ಯೂಸೀನ್ ಸೇರಿ ಒಂದು ಗುಳಿ ತೆರೆದುಕೊಳ್ಳುತ್ತದೆ. ನೀರಿಗೆ ಒಗ್ಗದ ಗುಳಿ ಅದು. ನೀರಿಗೆ ಒಗ್ಗದ ವ್ಯಾಲೀನ್ ಪಕ್ಕದ ಅಣುವಿನ ಆ ಗುಳಿಯೊಳಗೆ ಹೋಗಿ ಕೂರುತ್ತದೆ. ಹೀಗೆ ಅಣುವಿಗೆ ಅಣು ಅಂಟಿ ಉದ್ದನೆಯ ನಾರುಗಳಾಗುತ್ತವೆ. ಆ ನಾರುಗಳು ಕೆಂಪು ರಕ್ತಕಣವನ್ನು ಒಳಗಿನಿಂದಲೇ ಬಾಗಿಸುತ್ತವೆ.

ಚಾಮರಾಜನಗರದ ಸೋಲಿಗರ ಪೋಡುಗಳಲ್ಲಿ, ಮೈಸೂರು ಮತ್ತು ಕೊಡಗಿನ ಜೇನುಕುರುಬರ ಹಾಡಿಗಳಲ್ಲಿ ಆರೋಗ್ಯ ಕಾರ್ಯಕರ್ತರು ರಕ್ತ ತಪಾಸಣೆ ಮಾಡಿ ಹುಡುಕುತ್ತಿರುವುದು ಇದೇ ಬದಲಾವಣೆಯನ್ನು. ಕಾಯಿಲೆಯ ಬೇರು ಇರುವುದು ಇರಬಾರದಿದ್ದ ಒಂದು ಸಂಪರ್ಕದಲ್ಲಿ. ಪ್ರೋಟೀನಿನೊಳಗೆ ಯಾವ ಆಮ್ಲ ಯಾವುದನ್ನು ಮುಟ್ಟುತ್ತದೆ ಎಂದು ಪಟ್ಟಿ ಮಾಡುವುದು ಬರೀ ಲೆಕ್ಕಪತ್ರದ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎಷ್ಟು ಹತ್ತಿರ ಬಂದರೆ ಮುಟ್ಟಿದಂತೆ? ಈ ಪ್ರಶ್ನೆಯನ್ನು ಮೊದಲಿಗೆ ಗಟ್ಟಿಯಾಗಿ ಎದುರಿಸಿದವರಲ್ಲಿ ಮದ್ರಾಸಿನ ಜಿ.ಎನ್. ರಾಮಚಂದ್ರನ್ ಒಬ್ಬರು. 1954ರಲ್ಲಿ ಅವರೂ ಗೋಪಿನಾಥ ಕರ್ತಾ ಅವರೂ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ಸುರುಳಿ ಎಂಬ ವಿನ್ಯಾಸವನ್ನು ಮುಂದಿಟ್ಟರು. ಅದರಲ್ಲಿ ಕೆಲವು ಪರಮಾಣುಗಳು ಅತಿಯಾಗಿ ಒತ್ತಿಕೊಂಡಿವೆ ಎಂದು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪಿಸಿದರು. ರಾಮಚಂದ್ರನ್ ಆ ಆಕ್ಷೇಪವನ್ನು ಅಲ್ಲಿಗೇ ಬಿಡಲಿಲ್ಲ. ಅಲ್ಲಿಯವರೆಗೆ ಪ್ರಕಟವಾಗಿದ್ದ ಹರಳು ರಚನೆಗಳನ್ನೆಲ್ಲ ಜಾಲಾಡಿ, ಬಂಧವಿಲ್ಲದ ಎರಡು ಪರಮಾಣುಗಳು ನಿಜಕ್ಕೂ ಎಷ್ಟು ಸಮೀಪ ಬರುತ್ತವೆ ಎಂದು ನೋಡಿದರು. ಇಂಗಾಲ-ಇಂಗಾಲಕ್ಕೆ ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಂ, ತೀರಾ ಒತ್ತಿದರೆ 3.0, ಆಮ್ಲಜನಕ-ಆಮ್ಲಜನಕಕ್ಕೆ 2.7, ಒತ್ತಿದರೆ 2.6. ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಈ ಮಿತಿಗಳನ್ನಿಟ್ಟುಕೊಂಡೇ ಅವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆಗೂಡಿ 1963ರಲ್ಲಿ ರಾಮಚಂದ್ರನ್ ನಕ್ಷೆಯನ್ನು ಪ್ರಕಟಿಸಿದರು. ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ ಎಂಬುದನ್ನು ಒಂದೇ ಚೌಕದಲ್ಲಿ ತೋರಿಸುವ ಈ ನಕ್ಷೆಯಿಂದಲೇ ಇಂದಿಗೂ ಪ್ರತಿ ಹೊಸ ರಚನೆಯನ್ನು ಒರೆಗೆ ಹಚ್ಚುತ್ತಾರೆ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರು.

ಅತ್ತ ಕೇಂಬ್ರಿಜ್‌ನಲ್ಲಿ ಜಾನ್ ಕೆಂಡ್ರ್ಯೂ 1958ರಲ್ಲಿ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಮೊದಲ ಒರಟು ರೂಪವನ್ನು, 1960ರಲ್ಲಿ ಅದರ ಸ್ಪಷ್ಟ ರಚನೆಯನ್ನು ಕೊಟ್ಟರು. ನೀರಿಗೆ ಒಗ್ಗದ ಭಾಗಗಳು ಒಳಗೆ ಸೇರಿಕೊಳ್ಳುವುದೇ ಪ್ರೋಟೀನ್ ಮಡಚಿಕೊಳ್ಳಲು ಮುಖ್ಯ ಕಾರಣ ಎಂದು ವಾಲ್ಟರ್ ಕೌಜ್‌ಮನ್ 1959ರಲ್ಲೇ ವಾದಿಸಿದ್ದರು. ರಚನೆಗಳು ಬಂದ ಮೇಲೆ ಆ ವಾದ ಕಣ್ಣಿಗೆ ಕಾಣುವಂತಾಯಿತು.

ಮೂರು ಆಯಾಮದ ಆಕೃತಿಯನ್ನು ಒಂದು ಹಾಳೆಯ ಮೇಲೆ ಇಳಿಸಿದ್ದು ಮುಂದಿನ ದೊಡ್ಡ ಹೆಜ್ಜೆ. ಲೈಸೋಜೈಮ್ ರಚನೆಯನ್ನು ಬಿಡಿಸಿದ್ದ ಡೇವಿಡ್ ಫಿಲಿಪ್ಸ್ 1970ರಲ್ಲಿ ಇಂಥ ಅಂತರದ ನಕ್ಷೆಯನ್ನು ಬಳಸಿದರು; ಜಪಾನಿನ ನಿಶಿಕಾವಾ ಮತ್ತು ಓಯಿ ಅದನ್ನು ಬೆಳೆಸಿದರು. ಮಾಡುವ ವಿಧಾನ ಸರಳ. ಸರಪಳಿಯ ಘಟಕಗಳನ್ನು, ಅಂದರೆ ಅಮೈನೋ ಆಮ್ಲಗಳನ್ನು, ಅಡ್ಡಕ್ಕೂ ಉದ್ದಕ್ಕೂ ಕ್ರಮವಾಗಿ ಬರೆಯುವುದು, ಯಾವ ಎರಡು ಘಟಕಗಳ ಅಂತರ ಗೊತ್ತುಮಾಡಿದ ಮಿತಿಗಿಂತ ಕಡಿಮೆಯೋ ಆ ಮನೆಯಲ್ಲಿ ಚುಕ್ಕೆ ಇಡುವುದು. ಪಳಗಿದವರಿಗೆ ಈ ಚುಕ್ಕೆಗಳೇ ಆಕೃತಿ. ಕರ್ಣರೇಖೆಗೆ ಅಂಟಿಕೊಂಡ ದಪ್ಪ ಪಟ್ಟಿ ಕಂಡರೆ ಅಲ್ಲಿ ಆಲ್ಫಾ ಸುರುಳಿ ಇದೆ, ಏಕೆಂದರೆ ಸುರುಳಿಯಲ್ಲಿ ಒಂದು ಘಟಕ ತನ್ನಿಂದ ಮೂರು-ನಾಲ್ಕು ಸ್ಥಾನ ಆಚೆಯದಕ್ಕೆ ನೆರೆಯಾಗುತ್ತದೆ. ಕರ್ಣಕ್ಕೆ ಅಡ್ಡವಾಗಿ ಹೊರಟ ಗೆರೆ ಎಂದರೆ ಎದುರುಬದುರಾಗಿ ಸಾಗುವ ಎರಡು ಬೀಟಾ ಎಳೆಗಳು. ಕರ್ಣಕ್ಕೆ ಸಮಾನಾಂತರವಾದ ಗೆರೆ ಎಂದರೆ ಒಂದೇ ದಿಕ್ಕಿನಲ್ಲಿ ಸಾಗುವ ಎಳೆಗಳು. ಕರ್ಣದಿಂದ ದೂರದಲ್ಲಿ ಬಿದ್ದ ಒಂಟಿ ಚುಕ್ಕೆಗಳು ಎಲ್ಲಕ್ಕಿಂತ ಬೆಲೆಯುಳ್ಳವು. ಸರಪಳಿಯಲ್ಲಿ ನೂರು ಸ್ಥಾನ ದೂರವಿರುವ ಇಬ್ಬರು ಮಡಿಕೆಯಿಂದಾಗಿ ಅಕ್ಕಪಕ್ಕ ಬಂದಿದ್ದಾರೆ ಎಂದು ಅವು ಹೇಳುತ್ತವೆ. ಇಂಥ ಪಟ್ಟಿಯೊಂದೇ ಇದ್ದರೂ ಪ್ರೋಟೀನಿನ ಆಕಾರವನ್ನು ಬಹುಪಾಲು ಮರಳಿ ಕಟ್ಟಬಹುದು ಎಂದು 1997ರಲ್ಲಿ ವೆಂಡ್ರುಸ್ಕೊಲೊ, ಕಸೆಲ್ ಮತ್ತು ಡೊಮಾನಿ ತೋರಿಸಿದರು. ಈ ಕ್ಷೇತ್ರಕ್ಕೆ ನಿಜವಾದ ಬಲ ಬಂದಿದ್ದು ಈ ಮಾತಿನಿಂದ.

1971ರಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಆರಂಭವಾದಾಗ ಅದರಲ್ಲಿದ್ದದ್ದು ಏಳು ರಚನೆಗಳು. ಇಂದು ಎರಡು ಲಕ್ಷ ದಾಟಿವೆ. ಸಂಗ್ರಹ ಬೆಳೆದಂತೆ ಎಣಿಕೆ ಶುರುವಾಯಿತು: ಲ್ಯೂಸೀನ್ ಪಕ್ಕ ಐಸೊಲ್ಯೂಸೀನ್ ಎಷ್ಟು ಸಲ, ಲೈಸೀನ್ ಪಕ್ಕ ಆಸ್ಪಾರ್ಟಿಕ್ ಆಮ್ಲ ಎಷ್ಟು ಸಲ? 1976ರಲ್ಲಿ ತನಾಕಾ ಮತ್ತು ಶೆರಾಗಾ, 1985ರಲ್ಲಿ ಮಿಯಾಜಾವಾ ಮತ್ತು ಜೆರ್ನಿಗನ್ ಈ ಎಣಿಕೆಗಳನ್ನು ಶಕ್ತಿಯ ಮೌಲ್ಯಗಳಾಗಿ ಬದಲಿಸಿದರು. ಎರಡನೆಯ ಜೋಡಿ ಇಟ್ಟುಕೊಂಡ ಮಿತಿ 6.5 ಆಂಗ್‌ಸ್ಟ್ರಾಂ, ಅದೂ ಪಕ್ಕ ಸರಪಳಿಗಳ (ಪ್ರತಿ ಆಮ್ಲದಲ್ಲಿ ಬೆನ್ನೆಲುಬಿನಿಂದ ಹೊರಚಾಚಿದ ಭಾಗಗಳ) ಕೇಂದ್ರದಿಂದ ಕೇಂದ್ರಕ್ಕೆ. ಇಪ್ಪತ್ತು ಬಗೆಯ ಆಮ್ಲಗಳಿಗೆ 210 ಜೋಡಿಗಳ ಆ ಕೋಷ್ಟಕ ಹಲವು ದಶಕ ಎಲ್ಲರ ಕೈಪಿಡಿಯಾಯಿತು. ಆದರೆ ಎಣಿಕೆಯಿಂದ ಬಂದ ಸಂಖ್ಯೆ ನಿಜವಾದ ಶಕ್ತಿಯೇ ಎಂಬ ಸಂದೇಹವನ್ನು 1996ರಲ್ಲಿ ಥಾಮಸ್ ಮತ್ತು ಡಿಲ್ ಎತ್ತಿದರು. ಸಂದೇಹ ನ್ಯಾಯವಾದದ್ದೇ: ಒಂದು ಜೋಡಿ ಪದೇ ಪದೇ ಒಟ್ಟಿಗೆ ಕಾಣುವುದು ಪರಸ್ಪರ ಸೆಳೆತದಿಂದಲೇ ಆಗಬೇಕಿಲ್ಲ, ಇಬ್ಬರೂ ನೀರಿನಿಂದ ತಪ್ಪಿಸಿಕೊಂಡು ಒಳಗೆ ಸೇರಿದ್ದರಿಂದಲೂ ಆಗಬಹುದು.

ಸಂಪರ್ಕಗಳ ಲೆಕ್ಕದಿಂದ ಅನಿರೀಕ್ಷಿತ ಫಲವೊಂದು 1998ರಲ್ಲಿ ಸಿಕ್ಕಿತು. ಪ್ಲಾಕ್ಸ್‌ಕೊ, ಸೈಮನ್ಸ್ ಮತ್ತು ಡೇವಿಡ್ ಬೇಕರ್, ಸಂಪರ್ಕದಲ್ಲಿರುವ ಘಟಕಗಳು ಸರಪಳಿಯಲ್ಲಿ ಸರಾಸರಿ ಎಷ್ಟು ದೂರ ಇವೆ ಎಂದು ಲೆಕ್ಕಹಾಕಿದರು. ಈ ಸರಾಸರಿ ಕಡಿಮೆ ಇದ್ದಷ್ಟೂ ಚಿಕ್ಕ ಪ್ರೋಟೀನುಗಳು ಬೇಗ ಮಡಚಿಕೊಳ್ಳುತ್ತವೆ! ಅಷ್ಟು ಗೋಜಲಿನ ಪ್ರಕ್ರಿಯೆಯ ವೇಗವನ್ನು ಅಷ್ಟು ಸಣ್ಣ ಲೆಕ್ಕ ಊಹಿಸಬಲ್ಲದೆಂದು ಯಾರೂ ಎಣಿಸಿರಲಿಲ್ಲ.

ಬೆಂಗಳೂರಿನ ಕೊಡುಗೆ ಇಲ್ಲಿ ಮತ್ತೆ ಎದ್ದು ಕಾಣುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸರಸ್ವತಿ ವಿಶ್ವೇಶ್ವರ ಅವರ ತಂಡ ಪ್ರೋಟೀನನ್ನೇ ಒಂದು ಜಾಲವಾಗಿ ನೋಡಿತು. ಘಟಕಗಳು ಗಂಟುಗಳು, ಸಂಪರ್ಕಗಳು ಎಳೆಗಳು. ಸಂಪರ್ಕ ಇದೆಯೋ ಇಲ್ಲವೋ ಎಂದಷ್ಟೇ ಕೇಳದೆ, ಎರಡು ಪಕ್ಕ ಸರಪಳಿಗಳ ನಡುವೆ 4.5 ಆಂಗ್‌ಸ್ಟ್ರಾಂ ಒಳಗೆ ಎಷ್ಟು ಪರಮಾಣು ಜೋಡಿಗಳಿವೆ ಎಂದು ಎಣಿಸಿ, ಆಮ್ಲದ ಗಾತ್ರಕ್ಕೆ ಸರಿಹೊಂದಿಸಿ, ಸಂಪರ್ಕದ ಬಲವನ್ನು ಅಳೆದರು. 2005ರಲ್ಲಿ ಕೆ.ವಿ. ಬೃಂದಾ ಜೊತೆಗಿನ ಪ್ರಬಂಧ ಗಮನಿಸಬೇಕಾದದ್ದು. ಹಲವು ನೆರೆಗಳನ್ನು ಬಿಗಿಯಾಗಿ ಹಿಡಿದಿಡುವ ಬಲವಾದ ಕೇಂದ್ರಗಳಾಗಿ ಕಂಡದ್ದು ಉಂಗುರವುಳ್ಳ ಆಮ್ಲಗಳು, ಆರ್ಜಿನೀನ್, ಹಿಸ್ಟಿಡೀನ್, ಮೆಥಿಯೊನೀನ್; ಎಲ್ಲೆಲ್ಲೂ ಹೇರಳವಾಗಿರುವ ಲ್ಯೂಸೀನ್ ಮತ್ತು ಐಸೊಲ್ಯೂಸೀನ್ ದುರ್ಬಲ ಕೇಂದ್ರಗಳಷ್ಟೇ. ಬಿಸಿನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳ ಪ್ರೋಟೀನುಗಳು ಗಟ್ಟಿಯಾಗಿ ನಿಲ್ಲಲು ಇಂಥ ಕೇಂದ್ರಗಳೂ ಕಾರಣ. 2007ರಲ್ಲಿ ಅಮಿತ್ ಘೋಷ್ ಜೊತೆ ಅವರು ಜಾಲವನ್ನು ಅಣುಚಲನೆಯ ಅನುಕರಣೆಯೊಂದಿಗೆ ಬೆಸೆದು, ಕಿಣ್ವವೊಂದರ ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಯಾವ ಘಟಕಗಳ ಮೂಲಕ ಹೋಗುತ್ತದೆ ಎಂದು ಹಾದಿ ಗುರುತಿಸಿದರು.

ರಚನೆಯೇ ಗೊತ್ತಿಲ್ಲದಿದ್ದರೆ ಸಂಪರ್ಕ ತಿಳಿಯುವುದು ಹೇಗೆ? ಒಂದೇ ಪ್ರೋಟೀನಿನ ಅನುಕ್ರಮವನ್ನು ನೂರಾರು ಜೀವಿಗಳಲ್ಲಿ ಹೋಲಿಸಿದಾಗ, ಒಂದು ಸ್ಥಾನ ಬದಲಾದಾಗಲೆಲ್ಲ ಇನ್ನೊಂದು ಸ್ಥಾನವೂ ಹೊಂದಿಕೊಂಡು ಬದಲಾಗಿದ್ದರೆ ಅವೆರಡೂ ನೆರೆಯವು ಎಂದು ಊಹಿಸಬಹುದು. 1994ರಲ್ಲಿ ಗೊಬೆಲ್, ಸಾಂಡರ್, ಶ್ನೈಡರ್ ಮತ್ತು ವೆಲೆನ್ಸಿಯಾ ಈ ಊಹೆಯನ್ನು ಪರೀಕ್ಷೆಗೊಡ್ಡಿದರು. ಫಲಿತಾಂಶ ಮಸುಕಾಗಿತ್ತು. ನಂಟರ ನಂಟರೂ ಮದುವೆಮನೆಯಲ್ಲಿ ಹತ್ತಿರದವರಂತೆಯೇ ಕಾಣುವ ಹಾಗೆ, ಮೊದಲನೆಯದು ಎರಡನೆಯದನ್ನೂ ಎರಡನೆಯದು ಮೂರನೆಯದನ್ನೂ ಮುಟ್ಟಿದರೆ, ಮುಟ್ಟದೇ ಇರುವ ಮೊದಲನೆಯದೂ ಮೂರನೆಯದೂ ಒಟ್ಟಿಗೆ ಬದಲಾಗುವಂತೆ ತೋರುತ್ತಿದ್ದವು. ನೇರ ನಂಟನ್ನು ಪರೋಕ್ಷದಿಂದ ಬೇರ್ಪಡಿಸುವ ಗಣಿತ ಸಿದ್ಧವಾಗಲು ಹದಿನೈದು ವರ್ಷ ಹಿಡಿಯಿತು. ಮಾರ್ಟಿನ್ ವೈಗ್ಟ್ ಮತ್ತು ಸಂಗಡಿಗರು 2009ರಲ್ಲಿ ಸಂಖ್ಯಾ ಭೌತಶಾಸ್ತ್ರದ ಉಪಕರಣಗಳಿಂದ ಅದನ್ನು ಮಾಡಿ ತೋರಿಸಿದರು. 2011ರಲ್ಲಿ ಡೆಬೊರಾ ಮಾರ್ಕ್ಸ್ ಮತ್ತು ಸಂಗಡಿಗರು ಬರೀ ಅನುಕ್ರಮಗಳಿಂದ ಹೊರತೆಗೆದ ಸಂಪರ್ಕಗಳನ್ನಿಟ್ಟುಕೊಂಡು ಪ್ರೋಟೀನುಗಳನ್ನು ಮಡಚಿದರು.

ಆಮೇಲಿನ ಓಟ ಬಲು ಜೋರು. 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ, ಪ್ರೋಟೀನಿನ ರಚನೆಯನ್ನು ಊಹಿಸುವ ಕ್ಯಾಸ್ಪ್ ಸ್ಪರ್ಧೆಯಲ್ಲಿ, ಬೀಟಾ ಇಂಗಾಲಗಳ (ಪಕ್ಕ ಸರಪಳಿಯ ಮೊದಲ ಇಂಗಾಲಗಳ) ಅಂತರ 8 ಆಂಗ್‌ಸ್ಟ್ರಾಂಗಿಂತ ಕಡಿಮೆ ಇದ್ದರೆ ಸಂಪರ್ಕ ಎಂಬ ಅಳತೆಗೋಲು ರೂಢಿಗೆ ಬಂದಿತ್ತು. 2018ರಲ್ಲಿ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಹೌದು-ಇಲ್ಲ ಎಂಬ ಆ ಪ್ರಶ್ನೆಯನ್ನೇ ಬಿಟ್ಟು, ಪ್ರತಿ ಜೋಡಿಗೂ ಯಾವ ಅಂತರಕ್ಕೆ ಎಷ್ಟು ಸಂಭವ ಎಂದು ಊಹಿಸಿತು. 2020ರ ಆವೃತ್ತಿ ಮೂರು ಘಟಕಗಳ ನಡುವಿನ ಅಂತರಗಳು ತ್ರಿಕೋನವಾಗಿ ಕೂಡಿಬರಬೇಕೆಂಬ ಅರಿವನ್ನು ತನ್ನ ಕಟ್ಟೋಣದೊಳಗೇ ಸೇರಿಸಿಕೊಂಡಿತು. 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಪಾಲು ಆಲ್ಫಾಫೋಲ್ಡ್ ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಇನ್ನರ್ಧ ಪ್ರೋಟೀನ್ ವಿನ್ಯಾಸಕ್ಕಾಗಿ ಬೇಕರ್ ಅವರಿಗೆ ಸಂದಿತು.

ಹಾಗೆಂದು ಸಂಪರ್ಕಗಳನ್ನು ಒಂದೊಂದಾಗಿ ನೋಡುವ ಕೆಲಸ ಮುಗಿದಿಲ್ಲ. ಕೊರೊನಾ ವೈರಸ್ಸಿನ ಮುಳ್ಳು ನಮ್ಮ ಜೀವಕೋಶದ ಎಸಿಇ-2 ಪ್ರೋಟೀನನ್ನು ಹಿಡಿಯುವ ಜಾಗದಲ್ಲಿ, 4 ಆಂಗ್‌ಸ್ಟ್ರಾಂ ಮಿತಿಯಲ್ಲಿ ವೈರಸ್ಸಿನ ಕಡೆಯ 17 ಘಟಕಗಳು ನಮ್ಮ ಕಡೆಯ 20 ಘಟಕಗಳನ್ನು ಮುಟ್ಟುತ್ತವೆ ಎಂದು 2020ರಲ್ಲಿ ಹರಳು ರಚನೆ ತೋರಿಸಿತು. ಮುಂದೆ ರೂಪಾಂತರಿಗಳು ಬಂದಾಗ ಎಲ್ಲರೂ ತಿರುವಿಹಾಕಿದ್ದು ಈ ಪಟ್ಟಿಯನ್ನೇ: 501ನೆಯ ಸ್ಥಾನಕ್ಕೆ ಟೈರೊಸೀನ್ ಬಂದರೆ ಹಿಡಿತ ಬಿಗಿಯಾಗುತ್ತದೆ, 417ರ ಲೈಸೀನ್ ಹೋದರೆ ಎಸಿಇ-2ರ 30ನೆಯ ಆಸ್ಪಾರ್ಟಿಕ್ ಆಮ್ಲದ ಜೊತೆಗಿನ ಲವಣ ಸೇತು ಕಳಚುತ್ತದೆ. ಇನ್ನು ಪ್ರತಿಕಾಯ ಮತ್ತು ಅದರ ಗುರಿಯ ನಡುವೆ ಕೋಟ್ಯಂತರ ವರ್ಷಗಳ ಜೊತೆ ಬಾಳ್ವೆಯ ಇತಿಹಾಸವೇ ಇರುವುದಿಲ್ಲ; ಜೊತೆಬದಲಾವಣೆಯ ಸುಳಿವು ಅಲ್ಲಿ ಸಿಗದು, ಯಂತ್ರದ ಊಹೆಯೂ ಹೆಚ್ಚಾಗಿ ತಡವರಿಸುತ್ತದೆ. ಅಲ್ಲಿ ಇಂದಿಗೂ ಕೈಹಿಡಿಯುವುದು 1984ರಲ್ಲಿ ಅಲನ್ ಫರ್ಷ್ಟ್ ತಂಡ ತೋರಿಸಿಕೊಟ್ಟ ಪ್ರಯೋಗ. ಮೊದಲು ಒಂದು ಘಟಕವನ್ನು ಬದಲಿಸಿ ಶಕ್ತಿಯ ನಷ್ಟ ಅಳೆಯುವುದು, ಆಮೇಲೆ ಇನ್ನೊಂದನ್ನು, ಕೊನೆಗೆ ಎರಡನ್ನೂ ಒಟ್ಟಿಗೆ. ಎರಡೂ ಬದಲಾದಾಗಿನ ನಷ್ಟ ಬಿಡಿ ನಷ್ಟಗಳ ಮೊತ್ತಕ್ಕೆ ಸಮವಾಗದಿದ್ದರೆ ಆ ಎರಡು ಘಟಕಗಳ ನಡುವೆ ಕೊಡುಕೊಳ್ಳುವಿಕೆ ಇದೆ, ಮತ್ತು ಆ ವ್ಯತ್ಯಾಸವೇ ಅದರ ಬಲದ ಅಳತೆ.